ಕಂಬಳಿ ಮುಟ್ಟಿ ಆಡಿದ ಮಾತು

ನನ್ನ ಗಂಡನ ಮನೆಯಲ್ಲಿ ಆ ಕರಿ ಕಂಬಳಿಯನ್ನು ಅಂಗಳಕ್ಕೆ ತಂದು ಹಾಸಿದರೆಂದರೆ ಮಕ್ಕಳು ಕೂಡ ಗದ್ದಲ ನಿಲ್ಲಿಸುತ್ತಿದ್ದರು. ದಿನಾ ಹೊದೆಯುವ ಕಂಬಳಿಗಳು ಬೇರೆ, ಇದು ಬೇರೆ. ಮಾವ ಅದನ್ನು ಮಡಚಿ ಮೇಲೆ ತೊಲೆಯ ಸಂದಿಯಲ್ಲಿ ಇಟ್ಟಿರುತ್ತಿದ್ದರು. ಕುರಿ ಪಾಲು ಮಾಡುವಾಗ, ಹೆಣ್ಣು ಕೊಡುವ ತರುವ ಮಾತಾಡುವಾಗ, ಅಣ್ಣತಮ್ಮಂದಿರ ಜಗಳ ಹರಿಸುವಾಗ ಮಾತ್ರ ಅದು ಕೆಳಗಿಳಿಯುತ್ತಿತ್ತು. ಅದರ ನಡುವೆ ಒಂದು ಚಿಟಿಕೆ ಅರಿಶಿನ ಹಾಕಿ ಗಂಡಸರು ಅದರ ಮೇಲೆಯೇ ಸುತ್ತಲೂ ಕೂಡುತ್ತಿದ್ದರು. ಒಬ್ಬೊಬ್ಬರಾಗಿ ಅಂಗೈಯನ್ನು ಕಂಬಳಿಯ ಮೇಲೆ ಊರಿ ತಮ್ಮ ಮಾತು ಹೇಳಬೇಕು. ಹಾಗೆ ಹೇಳಿದ ಮಾತನ್ನು ಸಾಯುವವರೆಗೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೆಂಗಸರು ಬಾಗಿಲಲ್ಲಿ ನಿಂತು ಕೇಳಬೇಕು, ಅಷ್ಟೇ.

ನಾನು ಮಾನ್ವಿ ತಾಲ್ಲೂಕಿನ ಕುರ್ಡಿಯವಳು. ಏಳನೇ ಇಯತ್ತೆ ಪಾಸಾಗಿದ್ದೇನೆಂಬ ಜಂಬವನ್ನು ತವರಿನ ಸೀರೆಯ ಜೊತೆಗೆ ಗಂಟು ಕಟ್ಟಿಕೊಂಡು ಬಂದವಳು. ದೇವದುರ್ಗದ ಕಡೆ, ಗೂಗಲ್ ಗ್ರಾಮಕ್ಕೆ ಹತ್ತಿರ, ಕೃಷ್ಣೆಯ ದಂಡೆಗಿರುವ ಗಂಡನ ಊರಿಗೆ ಬಂದ ಮೊದಲ ವರ್ಷವೇ ಅತ್ತೆಯನ್ನು ಕೇಳಿದ್ದೆ, ಹೆಂಗಸರು ಯಾಕೆ ಅದರ ಮೇಲೆ ಕೂಡುವುದಿಲ್ಲ ಎಂದು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಕುಂತ್ರ ಅಡಗಿ ಯಾರು ಮಾಡ್ತಾರ?" ಆಗ ನನಗೆ ಅದು ಉತ್ತರವೆಂದೇ ಅನ್ನಿಸಲಿಲ್ಲ.

ಎಪ್ಪತ್ತೊಂದರಲ್ಲಿ ನಮ್ಮವರು ರಾಯಚೂರಿನಲ್ಲಿ ಹತ್ತಿ ಲಾರಿ ಓಡಿಸುತ್ತಿದ್ದರು. ಹತ್ತನೆಯ ಇಯತ್ತೆ ಕಲಿತವರಿಗೆ ಕುರಿ ಕಾಯುವುದು ಬೇಡವಾಗಿತ್ತು. ವಾರಕ್ಕೊಮ್ಮೆ ಊರಿಗೆ ಬಂದರೆ ಮೈಯೆಲ್ಲ ಡೀಸೆಲ್ ವಾಸನೆ. ನಮ್ಮ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಂದು ದಿನ, ಸೈನ್ಯಕ್ಕೆ ಜನ ತೆಗೆದುಕೊಳ್ಳುವವರು ರಾಯಚೂರಿಗೆ ಬಂದಿದ್ದಾರೆ, ಲಾರಿ ಓಡಿಸುವವರು ಬೇಕಂತೆ ಎಂದು ಯಾರೋ ಹೇಳಿದರಂತೆ. ಇವರು ಹೋಗಿ ಸಾಲಿನಲ್ಲಿ ನಿಂತರು. ಓಡಿಸಿದರು, ಎದೆ ಅಳೆದರು, ಕಣ್ಣು ನೋಡಿದರು, ತೆಗೆದುಕೊಂಡರು. ಊರಿಗೆ ಬಂದು ಹೇಳಿದಾಗ ಅದು ನಮಗೆಲ್ಲ ಒಂದು ಸರ್ಕಾರಿ ನೌಕರಿ, ಬೇರೇನೂ ಅಲ್ಲ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನನ್ನು ಒಂದು ಮಾತು ಕೇಳದೆ ಸಾಲಿನಲ್ಲಿ ನಿಂತರಲ್ಲ ಎಂಬ ಸಿಟ್ಟಿಗೆ ನಾನು ಮಾತ್ರ ಸಕ್ಕರೆ ತಿನ್ನಲಿಲ್ಲ.

ಇವರು ಹಾಜರಾಗಬೇಕಾದ ದಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಯುದ್ಧ ಶುರುವಾಯಿತು.

ಊರಿನಲ್ಲಿ ರೇಡಿಯೋ ಇದ್ದದ್ದು ಬಸ್ಸು ನಿಲ್ಲುವಲ್ಲಿನ ಚಹಾದಂಗಡಿಯಲ್ಲಿ. ಹತ್ತಿ ಬಿಡಿಸಿ ಹೊಲದಿಂದ ಬರುವಾಗ ಅಲ್ಲಿ ಜನ ಮುತ್ತಿಕೊಂಡಿರುತ್ತಿದ್ದರು. ಕೆಳಗಿನ ಓಣಿಯ ಹೆಂಗಸೊಬ್ಬಳು ನನ್ನ ಜೊತೆಗೇ ಹತ್ತಿ ಬಿಡಿಸುತ್ತಿದ್ದಳು. ಅವಳ ಗಂಡ ಮೊದಲಿನಿಂದಲೂ ಸೈನ್ಯದಲ್ಲಿದ್ದ. ಆ ವಾರ ಅವನು ಎಲ್ಲಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಆ ಓಣಿಯವರು ಚಹಾದಂಗಡಿಯ ಕಟ್ಟೆ ಹತ್ತುವಂತಿರಲಿಲ್ಲ. ಅವಳು ಒಂದು ಕೂಸನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದರ ಕೈ ಹಿಡಿದುಕೊಂಡು ರಸ್ತೆಯ ಆಚೆ ಬದಿಗೆ ನಿಂತು ಕಿವಿ ಕೊಡುತ್ತಿದ್ದಳು. ಅಂಗಡಿಯಲ್ಲಿ ಜನ ಮಾತಾಡಿದರೆ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ನಾನು ಕೇಳಿಸಿಕೊಂಡು ಹೋಗಿ ಹೇಳುತ್ತಿದ್ದೆ. ಹೇಳುತ್ತಿದ್ದೆನೇ ಹೊರತು, ಅವಳು ದಿನ ಹೇಗೆ ನೂಕುತ್ತಿದ್ದಾಳೆಂದು ಕೇಳಿರಲಿಲ್ಲ. ನನಗೆ ನನ್ನದೇ ದೊಡ್ಡದಾಗಿತ್ತು.

ನಮ್ಮವರು ರಾಯಚೂರಿನ ಕೆಲಸ ಬಿಟ್ಟು ಬಂದಿದ್ದರು. ಶತ್ರು ವಿಮಾನಗಳಿಗೆ ಕಾಣದ ಹಾಗೆ ಲಾರಿಯ ಮುಂದಿನ ದೀಪಗಳಿಗೆ ಅರ್ಧ ಕಪ್ಪು ಬಣ್ಣ ಬಳಿಯಲು ಹೇಳಿದ್ದಾರೆ ಎಂದು ಹೇಳುತ್ತ, ಮಗಳನ್ನು ಭುಜದ ಮೇಲೆ ಕೂಡಿಸಿಕೊಂಡು ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. ಹೋಗುವುದೋ ಬಿಡುವುದೋ ಎಂದು ಅವರ ಬಾಯಿಂದ ಬರಲಿಲ್ಲ.

"ಏನು ಮಾಡಬೇಕಂತ ಮಾಡೀರಿ?" ಎಂದೆ.

"ನೌಕರಿ ಅಂತ ಹೂಂ ಅಂದೆ. ಈಗ ಯುದ್ಧ ಅಂತ ಊಹೂಂ ಅಂದ್ರ, ನಾ ಎಂಥಾ ಮನಷ್ಯಾ?" ಎಂದರು. ಇನ್ನೊಂದು ಸುತ್ತು ಹಾಕಿ ಬಂದು, "ಆದ್ರ ಇದರ ಮಾರಿ ನೋಡಿದ್ರ ಕಾಲು ಏಳವಲ್ದು" ಎಂದು ಮಗಳ ಕಾಲನ್ನು ಹಿಡಿದರು.

ನಾನು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದೆ. ಬೇಡ. ಕೂಸಿದೆ, ಬೇಡ. ಇದಕ್ಕಿಂತ ದೊಡ್ಡ ಮಾತು ಜಗತ್ತಿನಲ್ಲಿ ಯಾವುದಿದೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮಾವ ತೊಲೆಯಿಂದ ಕಂಬಳಿ ಇಳಿಸಿದರು. ಮಾವ, ಭಾವ, ಇಬ್ಬರು ಕಾಕಂದಿರು ಕೂತರು. ನಮ್ಮವರು ಅಂಚಿನಲ್ಲಿ ಕೂತರು. ಮಾವ ಮೊದಲು ಕೈಯೂರಿದರು.

"ನನಗ ಇಬ್ರೇ ಮಕ್ಕಳು. ಹೋಗಬ್ಯಾಡ ಅಂತೀನಿ" ಎಂದರು. ಅಷ್ಟೇ. ಮಾವನ ಮಾತು ಯಾವಾಗಲೂ ಗಿಡ್ಡ.

ಕಾಕಂದಿರು ಅಣ್ಣನ ಮಾತೇ ನಮ್ಮ ಮಾತು ಎಂದರು. ಅವರು ಇಡೀ ಜನ್ಮದಲ್ಲಿ ಬೇರೆ ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ. ಭಾವನ ಸರದಿ ಬಂತು. ಭಾವನಿಗೆ ಮಾತೆಂದರೆ ಹಬ್ಬ. ಒಮ್ಮೆ ಕೆಮ್ಮಿ, ಕೈಯೂರಿ, "ಕೂಸಿನ ತಂದಿ ಇದ್ದಾನ. ಮಕ್ಕಳು ಮರಿ ಇದ್ದವರು ಯಾರಾರ ಯುದ್ಧಕ್ಕ ಹೋಗ್ತಾರೇನು? ಹಿಂದ ಮುಂದ ಯಾರೂ ಇಲ್ಲದವರು ಹೋಗ್ಲಿ" ಎಂದರು.

ನಾನು ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನಾನು ಹೇಳಬೇಕೆಂದಿದ್ದ ಮಾತನ್ನೇ ಭಾವ ಹೇಳಿದ್ದರು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಆ ಮಾತು ಹೊರಗಿನಿಂದ ಕಿವಿಗೆ ಬಿದ್ದಾಗ ರಸ್ತೆಯ ಆಚೆ ನಿಂತವಳು ಕಣ್ಣ ಮುಂದೆ ಬಂದಳು. ಅವಳ ಸೊಂಟದ ಮೇಲೆ ಒಂದಿತ್ತು, ಕೈಯಲ್ಲಿ ಒಂದಿತ್ತು. ಆ ದೊಡ್ಡದು ನಮ್ಮ ಮನೆಯ ಕುರಿಮರಿಗಳನ್ನೇ ಕಾಯುತ್ತಿತ್ತು. ಅವಳ ಗಂಡ ಹೊರಟಾಗ ಯಾವ ಮನೆಯ ಅಂಗಳದಲ್ಲಿ ಕಂಬಳಿ ಹಾಸಿದ್ದರು?

ಈಗ ನಮ್ಮವರ ಸರದಿ. ಅವರು ಕೈಯೂರಲಿಲ್ಲ. "ಕೂಸಿನ ಮಾತು ಬಂತು. ಕೂಸು ಎತ್ತಿಕೊಂಡಾಕಿ ಅಲ್ಲಿ ನಿಂತಾಳ. ಆಕಿ ಕುಂತು ಹೇಳಿದ ಮ್ಯಾಲೆ ನಾ ಹೇಳ್ತೀನಿ" ಎಂದರು.

ಭಾವ ಮಾವನ ಕಡೆ ತಿರುಗಿದರು. ಮಾವ ನೆಲ ನೋಡಿದರು. ಒಳಗಿನಿಂದ ಅತ್ತೆ, "ಹೋಗು, ಅಡಗಿ ನಾ ನೋಡ್ತೀನಿ" ಎಂದರು. ಅವತ್ತಿಗೆ ಅದು ನನಗೆ ಉತ್ತರವಾಯಿತು.

ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕಂಬಳಿಯ ಅಂಚಿಗೆ ಕೂತೆ. ಉಣ್ಣೆ ಚುಚ್ಚುತ್ತಿತ್ತು. ಅಂಗೈ ಊರಿದೆ. "ಕೂಸು ಇದ್ದವರು ಹೋಗಬಾರದು ಅಂದ್ರಿ" ಎಂದು ಭಾವನ ಕಡೆ ನೋಡದೆ ಹೇಳಿದೆ. "ಕೆಳಗಿನ ಓಣಿಯಿಂದ ಹೋದವಗ ಎರಡು ಅದಾವು. ಅವು ಕೂಸಲ್ಲೇನ್ರಿ? ಅವನೂ ಹೋಗಿ, ನಮ್ಮ ಕೂಸಿನ ಸಲುವಾಗಿ ಅಲ್ಲಿ ನಿಂತಾನಲ್ಲ. ನಮ್ಮ ಮನಿಯವರು ಮನ್ಯಾಗ ಕುಂತ್ರ, ನಾಳಿ ಹತ್ತಿ ಹೊಲದಾಗ ಆಕಿ ಮಾರಿ ನಾ ಹೆಂಗ ನೋಡ್ಲಿ? ಹೋಗ್ಲಿ ಅಂತೀನಿ."

ಹೇಳಿ ಮುಗಿಸುವುದಕ್ಕೂ ನನ್ನ ತೊಡೆ ಬೆಚ್ಚಗಾಗುವುದಕ್ಕೂ ಸರಿಹೋಯಿತು. ಮಗಳು ಉಚ್ಚೆ ಹೊಯ್ದಿದ್ದಳು. ಅದು ನನ್ನ ಸೀರೆ ದಾಟಿ ಕಂಬಳಿಗೆ ಇಳಿಯಿತು. ಭಾವ ಧಡಕ್ಕನೆ ಎದ್ದರು. ಇದು ಶಕುನವೋ ಅಪಶಕುನವೋ, ಸಭೆ ಮುರಿಯಬೇಕೋ ಬೇಡವೋ ಎಂದು ಕಾಕಂದಿರು ಶುರು ಮಾಡಿದರು. ಮಾವ ಬಗ್ಗಿ ಒದ್ದೆಯಾದ ಜಾಗವನ್ನು ನೋಡಿ, "ಕಂಬಳಿಗೆ ಮೈಲಿಗಿ ಇಲ್ಲ. ಕುಂದ್ರಿ" ಎಂದರು. ಅತ್ತೆ ಬಾಗಿಲಿಂದಲೇ, "ಆಕೀನೂ ತನ್ನ ಮಾತು ಹೇಳಿದ್ಲು, ಬರಕೊಳ್ರಿ" ಎಂದರು. ಆ ಗಳಿಗೆಯಲ್ಲಿಯೂ ನಮ್ಮವರು ನಕ್ಕರು. ಆಮೇಲೆ ಕೈಯೂರಿ, "ಹೋಗ್ತೀನಿ" ಎಂದರು.

ಆ ದಿನ ನಾನು ಬಚ್ಚಲಲ್ಲಿ ಕೂತು ಕಣ್ಣೀರು ಹಾಕಿದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಮಾತನ್ನು ಹಿಂದಕ್ಕೆ ಕೊಡಿ ಎಂದು ಒಮ್ಮೆಯೂ ಮನಸ್ಸು ಕೇಳಲಿಲ್ಲ.

ಹೊರಡುವ ದಿನ ದೇವದುರ್ಗದ ಬಸ್ಸು ಹಿಡಿಯಬೇಕಿತ್ತು. ನಮ್ಮವರ ತಗಡಿನ ಪೆಟ್ಟಿಗೆಯನ್ನು ಮಾವ ಬಂದು ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಅಪ್ಪ ಮಗ ಮಾತು ಬಿಟ್ಟಿದ್ದ ದಿನಗಳವು. ನಮ್ಮವರು ಕಸಿದುಕೊಳ್ಳಲು ಹೋದರೆ ಬಿಡಲಿಲ್ಲ.

"ಯಪ್ಪಾ, ನೀ ಹೋಗಬ್ಯಾಡ ಅಂದಾವ."

"ಹೋಗಬ್ಯಾಡ ಅಂದೀನಿ. ಆ ಮಾತು ಹಂಗ ಅದ. ಪೆಟ್ಟಿಗಿ ಹೊರಬ್ಯಾಡ ಅಂತ ನನಗ ಯಾರೂ ಅಂದಿಲ್ಲ" ಎಂದು ಮಾವ ಮುಂದೆ ನಡೆದೇಬಿಟ್ಟರು.

ಇನ್ನು ನಗುವ ಸಂಗತಿ ಹೇಳುತ್ತೇನೆ. ಇವರು ಹೋಗಿ ಬೂಟು ಹಾಕಿಕೊಂಡು ಸರಿಯಾಗಿ ಹೆಜ್ಜೆ ಇಡುವುದನ್ನು ಕಲಿಯುವ ಮೊದಲೇ ಯುದ್ಧ ಮುಗಿದುಹೋಯಿತು. ರೇಡಿಯೋದಲ್ಲಿ ಕೇಳಿದ ದಿನ ನಾನು ರಸ್ತೆ ದಾಟಿ ಕೆಳಗಿನ ಓಣಿಯವಳ ಹತ್ತಿರ ಓಡಿದೆ. ನಾನು ಹೇಳುವುದಕ್ಕೆ ಮುಂಚೆ ಅವಳೇ ನನ್ನ ಮುಖ ನೋಡಿ ಕುಸಿದು ಕೂತಳು, ನಾನೂ ಕೂತೆ. ರಸ್ತೆಯ ಬದಿಯ ಮಣ್ಣಿನಲ್ಲಿ ಇಬ್ಬರು ಹೆಂಗಸರು ಹಾಗೆ ಕೂತದ್ದನ್ನು ಊರು ಬಹಳ ದಿನ ಆಡಿಕೊಂಡಿತು. ಕೆಲವು ತಿಂಗಳ ಮೇಲೆ ಅವಳ ಗಂಡ ಗಟ್ಟಿಮುಟ್ಟಾಗಿ ರಜೆಗೆ ಬಂದ.

ನಮ್ಮವರು ಮೊದಲ ರಜೆಗೆ ಬಂದಾಗ ಚಹಾದಂಗಡಿಯವನು ಬಿಡಲಿಲ್ಲ. "ಏನಪಾ ಸಿಪಾಯಿ, ಎಲ್ಲಾ ಮುಗದ ಮ್ಯಾಲೆ ಹೋಗಿ ಯಾರ ಜೋಡಿ ಬಡದಾಡಿ ಬಂದಿ?" ಎಂದ. ಇವರು ಎಲ್ಲರ ಜೊತೆ ತಾವೂ ನಕ್ಕರು. ನಾನು ನಗಲಿಲ್ಲ. ಮುಗಿಯುತ್ತದೆ ಎಂದು ಹೊರಡುವ ದಿನ ಯಾರೂ ನಮಗೆ ಬಂದು ಹೇಳಿರಲಿಲ್ಲ. ಮಗಳ ಕಾಲು ಹಿಡಿದುಕೊಂಡಿದ್ದ ಮನುಷ್ಯ ಆ ಕಾಲು ಬಿಟ್ಟು ಹೋದದ್ದು ಯುದ್ಧ ನಡೆಯುತ್ತಿದ್ದಾಗ. ನನಗೆ ಅಷ್ಟು ಸಾಕಿತ್ತು. ಇವತ್ತಿಗೂ ನನ್ನ ಗಂಡ ಯಾವ ಯುದ್ಧ ಮಾಡಿದ ಎಂದು ಯಾರಾದರೂ ಕೇಳಿದರೆ, ಮಾಡಲಿಲ್ಲ, ಆದರೆ ಹೋದ ಎನ್ನುತ್ತೇನೆ. ಹಾಗೆ ಹೇಳುವಾಗ ನನ್ನ ತಲೆ ಎಂದೂ ತಗ್ಗಿಲ್ಲ.

ಬೆಟ್ಟದ ದಾರಿಗಳಲ್ಲಿ ಅಕ್ಕಿ, ಸೀಮೆಎಣ್ಣೆ ಹೊತ್ತ ಲಾರಿಗಳನ್ನು ಓಡಿಸುತ್ತ ಅವರ ವರ್ಷಗಳು ಕಳೆದವು. ಮಗಳು ನಡೆದಳು, ಶಾಲೆಗೆ ಹೋದಳು, ದೇವದುರ್ಗದ ಹೈಸ್ಕೂಲಿಗೂ ಸೇರಿದಳು. ಪ್ರತಿ ರಜೆ ಮುಗಿದಾಗ ಮಾವ ಪೆಟ್ಟಿಗೆ ಹೊತ್ತರು. ಆ ನೌಕರಿ ಹೇಗಿದೆ, ಚಳಿಯೋ ಬಿಸಿಲೋ ಎಂದು ಒಮ್ಮೆಯೂ ಮಗನನ್ನು ಕೇಳಲಿಲ್ಲ. ಬೇಡ ಎಂದ ಬಾಯಿಂದ ಹೇಗಿದೆ ಎಂದು ಕೇಳುವುದು ಅವರ ಲೆಕ್ಕದಲ್ಲಿ ಮಾತು ಮುರಿದ ಹಾಗೆ. ಬದಲಿಗೆ ನಾನು ಒಬ್ಬಳೇ ಇದ್ದಾಗ ಬಂದು, "ನಿನ್ನ ಗಂಡಗ ಅಲ್ಲಿ ಹೊದಿಯಾಕ ಬೆಚ್ಚಗ ಕೊಡ್ತಾರಂತೇನು?" ಎನ್ನುತ್ತಿದ್ದರು. ನಾನು ಕೊಡುತ್ತಾರೆ ಎಂದರೆ, "ನಮ್ಮ ಕಂಬಳಿಯಂಥಾದು ಇರಾಕಿಲ್ಲ ಬಿಡು" ಎಂದು ಎದ್ದು ಹೋಗುತ್ತಿದ್ದರು.

ಎಂಬತ್ತರ ದಶಕದ ನಡುವೆ ನಮ್ಮವರು ನಿವೃತ್ತರಾಗಿ ಬಂದರು. ಶಕ್ತಿನಗರದಲ್ಲಿ ಡ್ರೈವರ್ ಕೆಲಸ ಕಾದಿತ್ತು. ಮಾವನಿಗೆ ಆಗ ಕಣ್ಣು ಮಂಜಾಗಿತ್ತು, ಸೊಂಟ ಬಗ್ಗಿತ್ತು. ಬಸ್ಸು ನಿಲ್ಲುವಲ್ಲಿಗೆ ಬರಲಾಗಲಿಲ್ಲ. ಮಗ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದ ಸದ್ದು ಕೇಳಿ ಹೊರಗೆ ಬಂದು, ಅದರ ಮುಚ್ಚಳದ ಮೇಲೆ ಕೈಯಾಡಿಸಿದರು. ಆಮೇಲೆ ಭಾವನಿಗೆ ಕಂಬಳಿ ಇಳಿಸಲು ಹೇಳಿದರು. ಮತ್ತೆ ಏನು ಗ್ರಹಚಾರ ಎಂದು ನಾನು ಬಾಗಿಲಿಗೆ ಬಂದೆ.

ಮಾವ ಒಬ್ಬರೇ ಅದರ ಮೇಲೆ ಕೂತು ಕೈಯೂರಿದರು. "ಹೋಗಬ್ಯಾಡ ಅಂತ ಇದರ ಮ್ಯಾಲೆ ಅಂದಿದ್ದೆ. ಹೋಗಿ, ಬಂದಾನ. ನನ್ನ ಮಾತಿಗೆ ಇನ್ನ ಕೆಲಸ ಇಲ್ಲ. ಈಗ ಅಂತೀನಿ, ನನ್ನ ಮಗ ಹೋಗಿದ್ದು ಚಲೋ ಆತು" ಎಂದರು. ನಮ್ಮವರು ಅಲ್ಲೇ, ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಸಣ್ಣ ಹುಡುಗನ ಹಾಗೆ ಅತ್ತರು. ಮಾವ ಬಾಗಿಲ ಕಡೆಗೆ ಮುಖ ತಿರುಗಿಸಿ, ಪಕ್ಕದ ಜಾಗವನ್ನು ತಟ್ಟಿದರು. "ಬಾ ಯವ್ವಾ. ಅವತ್ತು ಅಂಚಿಗೆ ಕುಂತಿದ್ದಿ. ಇವತ್ತು ಇಲ್ಲಿ ಕುಂದ್ರು."

ನನಗೆ ಹೆಮ್ಮೆಯಾಯಿತು. ಆದರೂ ಒಂದು ಮಾತು ಬಾಕಿಯಿತ್ತು.

"ಯಪ್ಪಾ, ಅವತ್ತು ನಾ ಆಡಿದ್ದು ನನ್ನ ಒಬ್ಬಾಕಿ ಮಾತಲ್ಲ. ಕೆಳಗಿನ ಓಣಿಯಾಕಿನ ಕರಕೊಂಡು ಬರ್ತೀನಿ. ಆಕಿನೂ ಕುಂದ್ರಲಿ" ಎಂದೆ.

ಭಾವ ತಲೆಯೆತ್ತಿದರು. ಆ ಓಣಿಯವರು ನಮ್ಮ ಅಂಗಳದ ಕಲ್ಲು ದಾಟಿದ್ದೇ ಇರಲಿಲ್ಲ. ಮಾವ ಒಂದು ಕೈ ನೆಲಕ್ಕೆ ಕೊಟ್ಟು, ನರಳುತ್ತ, ಕಂಬಳಿಯ ಮೇಲೆಯೇ ಸ್ವಲ್ಪ ಸ್ವಲ್ಪ ಸರಿದು, ಇಬ್ಬರು ಕೂಡುವಷ್ಟು ಜಾಗ ಬಿಟ್ಟರು.