ನೀರೂ ಕುಡಿಯಬಾರದು ಎಂಬ ನಿಯಮ

ನಾನು ಓದಿದ್ದು ಏಳನೇ ಕ್ಲಾಸು. ಕ್ಯಾತ್ಸಂದ್ರದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮಾನವ ಹಕ್ಕು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಪೊಲೀಸರು ನನ್ನನ್ನು ಕದ್ದ ಬೈಕಿನ ಕೇಸಿನಲ್ಲಿ ಎಳೆದುಕೊಂಡು ಹೋದಾಗ. ರಿಪೇರಿಗೆ ಬಂದ ಗಾಡಿ ಕದ್ದದ್ದೋ ಕೊಂಡದ್ದೋ ನಾನು ಹೇಗೆ ಹೇಳಲಿ. ಆಗ ನಮ್ಮ ಜಿಲ್ಲೆಯ ಮಾನವ ಹಕ್ಕು ಸಮಿತಿಯ ಅಧ್ಯಕ್ಷರು ಠಾಣೆಗೆ ಬಂದು, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಬೈಯಲಿಲ್ಲ, ಕೂಗಾಡಲಿಲ್ಲ. ಸುಮ್ಮನೆ ಕೂತರು. ಸಂಜೆಗೆ ನನ್ನನ್ನು ಬಿಟ್ಟರು. ಅವತ್ತಿನಿಂದ ನಾನೂ ಸಮಿತಿಯವನಾದೆ. ತೊಂಬತ್ತರ ದಶಕದ ಕೊನೆ ಅದು.

ಅಧ್ಯಕ್ಷರು ರಿಟೈರಾದ ತಹಶೀಲ್ದಾರರು. ನಾವು ಸಾಹೇಬರು ಅನ್ನುತ್ತಿದ್ದೆವು. ಇನ್ನೊಬ್ಬರು ತುಮಕೂರು ಕೋರ್ಟಿನ ವಕೀಲಮ್ಮ. ಓಡಾಡುತ್ತಿದ್ದವರು ಹೆಚ್ಚಾಗಿ ನಾವು ಮೂವರೇ. ದೂರು ಬಂದರೆ ಸಾಹೇಬರ ಹಳೇ ಅಂಬಾಸಿಡರ್‌ನಲ್ಲಿ ಆ ಊರಿಗೆ ಹೋಗುವುದು, ವಿಚಾರಿಸುವುದು, ವರದಿ ಬರೆದು ಬೆಂಗಳೂರಿನ ರಾಜ್ಯ ಸಮಿತಿಗೆ ಕಳಿಸುವುದು. ಬರೆಯುವುದು ವಕೀಲಮ್ಮನ ಕೆಲಸ. ಕಾರು ಓಡಿಸುವುದು ನನ್ನದು. ಆ ಕಾರು ಬೇರೆ ಯಾರ ಕೈಗೂ ಸ್ಟಾರ್ಟ್ ಆಗುತ್ತಿರಲಿಲ್ಲ.

ಸಾಹೇಬರಿಗೆ ಸರ್ವೀಸಿನಲ್ಲಿದ್ದಾಗಿನ ಒಂದು ಅಭ್ಯಾಸ ಹೋಗಿರಲಿಲ್ಲ. ಯಾವ ಊರಿಗೆ ಹೋದರೂ ಮೊದಲು ಊರಿನ ದೊಡ್ಡ ಮನೆಗೆ ಹೋಗಬೇಕು. ಬರುತ್ತೇವೆ ಅಂತ ಹಿಂದಿನ ದಿನವೇ ಹೇಳಿ ಕಳಿಸಿರಬೇಕು. ಜಗಲಿಗೆ ಜಮಖಾನ ಬರುತ್ತದೆ, ಕಾಫಿ ಬರುತ್ತದೆ, ಹೊತ್ತಾಗಿದ್ದರೆ ಊಟ. ಬೇಡ ಅಂದರೆ ಆ ಮನೆಯವರಿಗೆ ಅವಮಾನ. ದೂರು ಇರುವುದು ಅದೇ ಮನೆಯವರ ಮೇಲಾದರೂ ಅಷ್ಟೆ. ನಮ್ಮ ಕಡೆ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಕೊಡುವುದು, ಕೊಟ್ಟದ್ದನ್ನು ಕುಡಿಯುವುದು, ಅದು ಮರ್ಯಾದೆ.

ಗುಬ್ಬಿ ತಾಲ್ಲೂಕಿನಲ್ಲಿ, ನಿಟ್ಟೂರಿನ ಆಚೆಗೆ, ಒಂದು ತೆಂಗಿನ ತೋಟದ ಆಳನ್ನು ಮಾಲೀಕ ಮರಕ್ಕೆ ಕಟ್ಟಿ ಹೊಡೆಸಿದ್ದ. ಆಳಿನ ಹೆಂಡತಿ ತುಮಕೂರಿಗೆ ಬಂದು ದೂರು ಕೊಟ್ಟಳು. ನಾವು ಹೋದೆವು. ಮಾಲೀಕನ ಜಗಲಿಯಲ್ಲಿ ಕೇಸರಿಬಾತು, ಉಪ್ಪಿಟ್ಟು, ಕಾಫಿ. ಆ ಆಳು ಅಂಗಳದಲ್ಲಿ ತೆಂಗಿನ ಸಿಪ್ಪೆಯ ರಾಶಿ ಪಕ್ಕ ಕೈಕಟ್ಟಿ ನಿಂತು, ನಾವು ತಿನ್ನುವುದನ್ನು ನೋಡುತ್ತಿದ್ದ. ಕೈ ತೊಳೆದ ಮೇಲೆ ಸಾಹೇಬರು ಅವನನ್ನು ಕರೆದರು.

"ಹೊಡೆದ್ರೇನಪ್ಪ ನಿನ್ಗೆ?"

"ಇಲ್ಲ ಬುದ್ಧಿ. ಮರದಿಂದ ಬಿದ್ದೆ."

ವಾಪಸ್ ಬರುವಾಗ ಸಾಹೇಬರು, "ಸುಳ್ಳು ದೂರು ಕಣೋ," ಅಂದರು.

"ಸಾರ್, ನಾವ್ ಕೇಸರಿಬಾತ್ ತಿನ್ನೋದ್ನ ಅವ್ನು ನಿಂತ್ಕೊಂಡು ನೋಡ್ದ. ಅವ್ನ ಜಾಗದಲ್ಲಿ ನಾನಿದ್ರೂ ಮರದಿಂದ ಬಿದ್ದೆ ಅಂತಿದ್ದೆ."

"ಒಂದ್ ತಟ್ಟೆ ಕೇಸರಿಬಾತಿಗೆ ನಾನು ಮಾರ್ಕೊಂಡೆ ಅಂತೀಯೇನೋ?"

"ನೀವ್ ಮಾರ್ಕೊಂಡ್ರಿ ಅಂತ ನಾನ್ ಅನ್ನಲ್ಲ. ಅವ್ನಿಗೆ ಹಂಗ್ ಕಂಡಿರ್ತದೆ."

ಹಿಂದೆ ಕೂತಿದ್ದ ವಕೀಲಮ್ಮ ನಕ್ಕರು. "ಮಾತಾಡ್ತಿರೋನು ಎರಡನೇ ಸಲ ಹಾಕಿಸ್ಕೊಂಡೋನು ಸಾರ್."

ಅದೂ ನಿಜ. ಕೇಸರಿಬಾತು ಚೆನ್ನಾಗಿತ್ತು.

ಆದರೆ ನಾನು ಬಿಡಲಿಲ್ಲ. ಸಾಹೇಬರ ಮನೆ ಹಾಲಿನಲ್ಲಿ ಸಮಿತಿ ಸೇರಿದಾಗಲೆಲ್ಲ ಅದನ್ನೇ ಎತ್ತಿದೆ. ದೊಡ್ಡ ಮನೆಗೆ ಮೊದಲು ಹೋಗುವುದು ಬೇಡ, ಮುಂಚೆ ಹೇಳಿ ಕಳಿಸುವುದು ಬೇಡ, ನೊಂದವರನ್ನು ಅವರ ಮನೆಯಲ್ಲೇ ಕಾಣೋಣ, ಎಲ್ಲೂ ತಿನ್ನುವುದು ಬೇಡ. ಮೊದಮೊದಲು ಯಾರೂ ಕೇಳಲಿಲ್ಲ. ಆಮೇಲೆ ಇನ್ನೊಂದು ಊರಿನಲ್ಲೂ ದೂರು ಕೊಟ್ಟವರೇ ಮಾತು ತಿರುಗಿಸಿದರು. ಸಾಹೇಬರು ಮೆತ್ತಗಾದರು.

"ಊಟ ಬ್ಯಾಡ, ಸರಿ. ಕಾಫಿ ಬ್ಯಾಡ, ಸರಿ. ನೀರೂ ಬ್ಯಾಡ್ವೇನೋ? ನನ್ ವಯಸ್ಸಿಗೆ ಬಾಯಿ ಒಣಗ್ತದೆ ಕಣೋ."

"ಬಾಟ್ಲು ತಗೊಂಡೋಗಣ ಸಾರ್."

ದೂರು ಕೊಟ್ಟವರ ಮನೆಯಲ್ಲಾದರೆ ಕುಡಿಯಬಹುದೇ ಅಂತ ಯಾರೋ ಕೇಳಿದರು. ವಕೀಲಮ್ಮ ಬೇಡ ಅಂದರು. ಒಬ್ಬರ ಮನೆಯಲ್ಲಿ ಕುಡಿದು ಇನ್ನೊಬ್ಬರ ಮನೆಯಲ್ಲಿ ಬಿಟ್ಟರೆ ಪಕ್ಷಪಾತ ಅನ್ನುತ್ತಾರೆ, ಯಾರ ಮನೆಯಲ್ಲೂ ನೀರೂ ಕುಡಿಯಬಾರದು ಅಂತಲೇ ಇರಲಿ. ನನಗೂ ಅದೇ ನೇರವಾಗಿ ಕಂಡಿತು. ಎಲ್ಲರಿಗೂ ಒಂದೇ. ಒಪ್ಪಿಕೊಂಡು ಬರೆದೆವು.

ಸಾಹೇಬರು ಆ ನಿಯಮವನ್ನು ಸರ್ಕಾರಿ ಆರ್ಡರ್ ತರಹ ಪಾಲಿಸಿದರು. ದೊಡ್ಡ ಮನೆಯವರು ಕರೆದರೂ ಒಳಗೆ ಹೋಗದೆ ಗೇಟಿನಾಚೆ ಬಿಸಿಲಲ್ಲಿ ನಿಂತು ತಮ್ಮ ಬಾಟಲಿಯ ನೀರು ಕುಡಿದರು. ಹಳೇ ಪರಿಚಯದವರು ಮುಖ ತಿರುಗಿಸಿದರು. ಆದರೆ ಜನ ಬಾಯಿಬಿಡತೊಡಗಿದರು. ಹೊಡೆದದ್ದನ್ನು ಹೊಡೆದರು ಅಂತ ಹೇಳುವುದನ್ನು ನಾನು ಕಣ್ಣಾರೆ ಕಂಡೆ. ಅದಕ್ಕೇ ಆ ನಿಯಮ ಕೆಟ್ಟದ್ದು ಅಂತ ಈಗಲೂ ಹೇಳಲಾರೆ.

ಆಮೇಲೆ ಕುಣಿಗಲ್ ಕಡೆಯ ದೂರು ಬಂತು. ಊರು ಯಾವುದು, ಠಾಣೆ ಯಾವುದು ಅಂತ ಬರೆಯುವುದಿಲ್ಲ. ಪಂಪ್‌ಸೆಟ್ ಕಳುವಾಯಿತು ಅಂತ ಕೇರಿಯ ಒಬ್ಬ ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋಗಿ ಬಡಿದಿದ್ದರು. ಬಲಗಿವಿ ಹೋಗಿತ್ತು. ಇಂಥವನನ್ನು ನಾವು ಕರೆತಂದೇ ಇಲ್ಲ ಅಂತ ಠಾಣೆಯವರು ಹೇಳುತ್ತಿದ್ದರು. ಅವನು ಅಲ್ಲಿದ್ದದ್ದನ್ನು ನೋಡಿದ್ದವಳು ಅವನ ತಾಯಿ ಒಬ್ಬಳೇ. ಮುದ್ದೆ ಕಟ್ಟಿಕೊಂಡು ಹೋಗಿ, ಮಗ ನೆಲದ ಮೇಲೆ ಬಿದ್ದಿದ್ದನ್ನು ಕಿಟಕಿಯಲ್ಲಿ ನೋಡಿ ಬಂದಿದ್ದಳು. ತಾಯಿಯ ಹೇಳಿಕೆ ಬರೆಸಿಕೊಂಡು ಬನ್ನಿ, ಅದಿಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಅಂತ ಬೆಂಗಳೂರಿನವರು ಹೇಳಿದರು.

ಕುಣಿಗಲ್ ಕೆರೆ ದಾಟಿ, ದೊಡ್ಡ ಮನೆಯ ಮುಂದೆ ಕಾರು ನಿಲ್ಲಿಸದೆ, ಸೀದಾ ಕೇರಿಗೇ ಹೋದೆವು. ಆ ತಾಯಿಗೆ ಮಾತ್ರ ಹೇಳಿ ಕಳಿಸಿದ್ದೆವು, ಕಾಯುತ್ತಿದ್ದಳು. ನೆಲ ಸಾರಿಸಿತ್ತು. ಚಾಪೆ ಹಾಸಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನಲ್ಲಿ ನೀರು, ಪಕ್ಕದಲ್ಲಿ ಮೂರು ಸ್ಟೀಲ್ ಲೋಟ. ಹೊಸವು. ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿ ಸಾಹೇಬರ ಮುಂದೆ ಇಟ್ಟಳು.

"ಬ್ಯಾಡಮ್ಮ. ನಾವು ಕುಡಿಯೋ ಹಂಗಿಲ್ಲ," ಅಂದರು ಸಾಹೇಬರು. ಬಿಸಿಲಲ್ಲಿ ಬಂದಿದ್ದರು, ಬಾಯಿ ಒಣಗಿತ್ತು. ಚೀಲದಿಂದ ಬಾಟಲಿ ತೆಗೆದು ಅವಳೆದುರಿಗೇ ಗಟಗಟ ಕುಡಿದರು.

ಅವಳು ಲೋಟ ಅಲ್ಲೇ ಬಿಟ್ಟಳು. ಹೊರಗೆ ಹೋದಳು. ನಾವು ಚಾಪೆಯ ಮೇಲೆ ಕೂತೆವು. ವಕೀಲಮ್ಮ ಪೆನ್ನು ತೆಗೆದರು. ಸ್ವಲ್ಪ ಹೊತ್ತಿಗೆ ಊರೊಳಗಿನ ಒಬ್ಬ ಹುಡುಗ ಎಳನೀರು ತಂದು ಬಾಗಿಲಲ್ಲಿ ಇಟ್ಟ. ಅವಳು ದೂರ ನಿಂತೇ ಹೇಳಿದಳು.

"ಇದಾದ್ರೆ ಕುಡೀಬೋದಲ್ಲ ಸಾಮಿ. ನಾನ್ ಮುಟ್ಟಿಲ್ಲ. ಗೌಡ್ರ ಹುಡುಗನ್ ಕೈಲೇ ಕೊಚ್ಚಿಸಿವ್ನಿ."

ಆಗ ನಮಗೆ ಹೊಳೆಯಿತು. ಸಾಹೇಬರದು ಯಾವ ಜಾತಿ, ನನ್ನದು ಯಾವ ಜಾತಿ ಅಂತ ಕೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಸಮಿತಿಯಲ್ಲಿ ಅಷ್ಟು ಜಗಳ ಆಡಿದಾಗ ಇದೊಂದು ಯಾರ ತಲೆಗೂ ಬಂದಿರಲಿಲ್ಲ.

"ಅದಕ್ಕಲ್ಲ ಕಣವ್ವ," ಅಂದೆ. "ಯಾರ್ ಮನೇಲೂ ಕುಡಿಯಲ್ಲ ನಾವು. ದೊಡ್ಡೋರ್ ಮನೇಲೂ ಕುಡಿಯಲ್ಲ. ನಮ್ದು ರೂಲ್ಸು."

"ಆಗ್ಲಿ ಬುಡಪ್ಪ. ಒಬ್ಬೊಬ್ರಿಗೆ ಒಂದೊಂದು ರೂಲ್ಸ್ ಇರ್ತದೆ."

ಸಾಹೇಬರು ಲೋಟಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು ಹೋಗಿ ನುಗ್ಗೆ ಗಿಡದ ಬುಡಕ್ಕೆ ಚೆಲ್ಲಿದ್ದಳು. ಮೂರೂ ಲೋಟವನ್ನು ಒಂದರೊಳಗೊಂದು ಇಟ್ಟು ಒಳಗೆ ತೆಗೆದಿಟ್ಟಳು.

ವಕೀಲಮ್ಮ ಮೆಲ್ಲಗೆ ಕೇಳಿದರು. "ಠಾಣೇಲಿ ಏನ್ ನೋಡ್ದೆ ಹೇಳಮ್ಮ."

"ನಾನೇನೂ ನೋಡ್ನಿಲ್ಲ."

"ದೂರು ಕೊಡೋವಾಗ ನೀನೇ ಹೇಳಿದೀಯಲ್ಲಮ್ಮ."

"ಆಗ ಹೊಟ್ಟೆ ಉರಿಗೆ ಹೇಳ್ದೆ. ಜರ ಬಂದು ಕಿವಿ ಹೋಯ್ತು ಅಂತ ಬರ್ಕಳಿ."

ವಕೀಲಮ್ಮ ಎಷ್ಟು ತಿರುಗಿಸಿ ಕೇಳಿದರೂ ಅವಳದು ಅದೇ ಮಾತು. ಬರೆದುಕೊಂಡರು. ಹೆಬ್ಬೆಟ್ಟು ಒತ್ತಿದಳು.

ಹೈವೇಗೆ ಬಂದ ಮೇಲೆ ನಾನು, "ಒಂದ್ ಮಾತು ಬಿಡಿಸಿ ಹೇಳಿದ್ರೆ ಅರ್ಥ ಆಗ್ತಿತ್ತು ಸಾರ್ ಅವಳಿಗೆ, ಎಲ್ಲಾ ರೂಲ್ಸಿಂದ ಆಯ್ತು," ಅಂದೆ.

ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. "ಸರ್ವೀಸಲ್ಲಿದ್ದಾಗ ಇದೇ ಕೇರಿಗೆ ಎಷ್ಟೋ ಸಲ ಬಂದಿದೀನಿ ಕಣೋ. ಆಗ್ಲೂ ನೀರು ಕುಡಿದಿಲ್ಲ. ಆಗ ಯಾವ ರೂಲ್ಸೂ ಇರ್ಲಿಲ್ಲ."



ಮುಂದಿನ ಸಭೆಯಲ್ಲೇ ನಿಯಮ ತಿದ್ದಿದೆವು. ನೊಂದವರ ಮನೆಯಲ್ಲಿ ಕೊಟ್ಟದ್ದನ್ನು ಕುಡಿಯಬೇಕು. ಕುಡಿಯಬಹುದು ಅಂತಲ್ಲ, ಕುಡಿಯಬೇಕು ಅಂತಲೇ ಬರೆಸಿದವರು ಸಾಹೇಬರು. ಅದನ್ನು ಹೇಳಿ ಬರೋಣ ಅಂತ ನಾನೊಬ್ಬನೇ ಬೈಕಿನಲ್ಲಿ ಕುಣಿಗಲ್‌ಗೆ ಹೋದೆ. ಅವಳಿಗೆ ನನ್ನ ಗುರುತು ಸಿಕ್ಕಿತು. ನೀರು ಕೇಳಿದೆ, ಕೊಟ್ಟಳು, ಕುಡಿದೆ. ಎಲ್ಲ ಹೇಳಿದೆ.

"ಒಳ್ಳೇದಾಯ್ತು ಬುಡಪ್ಪ. ಮುಂದೆ ಬರೋರ್ಗಾಯ್ತದೆ."

"ಇನ್ನೊಂದ್ಸಲ ಹೇಳಿಕೆ ಕೊಡವ್ವ. ಅವತ್ತಿಂದು ತಪ್ಪು ಅಂತ ವಕೀಲಮ್ಮ ಬರೀತಾರೆ."

"ಈಗ ಹೌದು ಅಂದ್ರೆ ಠಾಣೆಯೋರು ಮತ್ತೆ ಬತ್ತಾರೆ. ಇವ್ನ ಎಳ್ಕಂಡೋಯ್ತಾರೆ. ಆಗ ನೀವ್ ಬತ್ತೀರಾ?"

"ಬರ್ತೀವಿ ಕಣವ್ವ. ನನ್ನೂ ಹಂಗೇ ಬಿಡಿಸ್ಕೊಂಡ್ ಬಂದೋರು ಸಾಹೇಬ್ರು."

"ಬತ್ತೀರ ಬುಡು. ಬಾಟ್ಲು ತಗಂಡು."

ಕೋಪದಿಂದ ಹೇಳಿದ್ದಲ್ಲ. ಸೊಪ್ಪು ಬಿಡಿಸುತ್ತಾ ಹೇಳಿದಳು.

ಮಗ ಹೊರಗೆ ಗೋಡೆಗೆ ಒರಗಿ ಕೂತಿದ್ದ. ಅವನನ್ನಾದರೂ ಕೇಳೋಣ ಅಂತ ಪಕ್ಕದಲ್ಲಿ ಕೂತು ಮಾತಾಡಿಸಿದೆ. ಅವನು ತಿರುಗಲಿಲ್ಲ.

"ಆ ಕಡೆಯಿಂದ ಕೇಳ್ಸಲ್ಲ. ಈ ಕಡೆ ಬಾರಪ್ಪ," ಅಂದಳು ತಾಯಿ.

ಎದ್ದು ಅವನ ಎಡಕ್ಕೆ ಹೋಗಿ ಕೂತೆ. ಠಾಣೆಯಲ್ಲಿ ಏನಾಯಿತು ಅಂತ ಕೇಳಿದೆ. ಅವನು ಮೊದಲು ತಾಯಿಯ ಮುಖ ನೋಡಿದ, ಆಮೇಲೆ ನನ್ನದು.

"ಜರ ಬಂದಿತ್ತಣ್ಣ," ಅಂದ.

ಬೆಂಗಳೂರಿಗೆ ನಾವು ಬರೆದು ಕಳಿಸಿದ್ದೂ ಅದನ್ನೇ. ಪುರಾವೆ ಇಲ್ಲ ಅಂತ ಅವರು ಕೇಸು ಮುಚ್ಚಿದರು.