ರಾಜಾಜಿನಗರದ ಹಳೆಯ ವಿಳಾಸ

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಿಜಯನಗರದ ನನ್ನ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುತ್ತಾ ಕುಳಿತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಸಾರ್, ಸ್ಟೇಷನ್ನಿಂದ ಮಾತಾಡ್ತಾ ಇರೋದು. ನಿಮ್ ಮಿಸೆಸ್ ಪಾಸ್‌ಪೋರ್ಟ್ ವೆರಿಫಿಕೇಷನ್ ನಂಗೆ ಬಂದಿದೆ. ರಾಜಾಜಿನಗರದ ಅಡ್ರೆಸ್ ಕೊಟ್ಟಿದೀರಲ್ಲ, ಅಲ್ಲಿಗೆ ಹೋಗಿದ್ದೆ. ಅಂಥ ಹೆಂಗಸು ಯಾರೂ ಗೊತ್ತಿಲ್ಲ ಅಂದ್ರು."

"ಯಾರು ಸಾರ್ ಹಂಗಂದಿದ್ದು?"

"ಓನರ್ರು. ವಯಸ್ಸಾದ ಹೆಂಗಸು. ಫೋಟೋನೂ ತೋರಿಸ್ದೆ. ಚೆನ್ನಾಗಿ ನೋಡಿ, ಗೊತ್ತಿಲ್ಲ ಅಂತ ತಲೆ ಆಡಿಸ್ಬಿಟ್ರು."

ನನ್ನ ಕೈಯಲ್ಲಿದ್ದ ಲೆನ್ಸ್ ತಿರುಗುತ್ತಿದ್ದ ಸಾಣೆಕಲ್ಲಿಗೆ ತಗುಲಿ ಅಂಚು ಹಾರಿತು. ಆ ಮನೆಯ ಮೊದಲ ಮಹಡಿಯಲ್ಲಿ ನಾವು ಎಂಟು ವರ್ಷ ಬಾಡಿಗೆಗೆ ಇದ್ದೆವು. ಕೊನೆಯ ಎರಡು ವರ್ಷ ನನ್ನ ಹೆಂಡತಿ ಡ್ಯೂಟಿಗೆ ಹೋಗುವ ಮುಂಚೆ ದಿನಾ ಕೆಳಗಿಳಿದು ಆ ಅಮ್ಮನ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದಳು. ಅವರಿಗೆ ಅವಳ ಗುರುತು ಸಿಗದೇ ಇರಲು ಸಾಧ್ಯವೇ ಇರಲಿಲ್ಲ.

ನನ್ನ ಹೆಂಡತಿ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳು ಹೋಗಿ ಆಗ ಮೂರು ವರ್ಷವಾಗಿತ್ತು. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದ್ದರಿಂದ ಅಲ್ಲಿಂದಲೇ ನವೀಕರಣಕ್ಕೆ ಅರ್ಜಿ ಕೊಟ್ಟಿದ್ದಳು. ಅವಳಿಗೆ ಒಂದರ ಮೇಲೊಂದು ಶಿಫ್ಟ್ ಇದ್ದುದರಿಂದ ಆನ್‌ಲೈನ್ ಫಾರಂ ತುಂಬಿದ್ದು ನಾನು. ಭಾರತದ ವಿಳಾಸ ಎಂದು ಕೇಳಿದ ಕಡೆ ರಾಜಾಜಿನಗರದ ಹಳೆಯ ಮನೆಯದನ್ನೇ ಹಾಕಿದ್ದೆ. ನಾವು ಅನ್ನಪೂರ್ಣೇಶ್ವರಿ ನಗರಕ್ಕೆ ಬಂದು ಮೂರು ವರ್ಷವಾಗಿದ್ದರೂ ಆಧಾರಿನಲ್ಲಿ ಹಳೆಯ ವಿಳಾಸವೇ ಇತ್ತು. ಅದನ್ನು ಬದಲಾಯಿಸಿ ಎಂದು ಹೆಂಡತಿ ಎಷ್ಟು ಸಲ ಹೇಳಿದ್ದಳೋ. ಒಮ್ಮೆ ಬೇಸತ್ತು ಕೇಳಿದಾಗ, "ಆಯ್ತು ಕಣೇ, ಆಗೋಯ್ತು" ಎಂದುಬಿಟ್ಟಿದ್ದೆ. ಆಗಿರಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡ ನಾಳೆ ಬಂದೇ ಇರಲಿಲ್ಲ.

ತಿಂಗಳ ಕೊನೆಗೆ ಅಲ್ಲಿ ಅವಳ ವಾಸದ ಕಾರ್ಡಿನ ಅವಧಿಯೂ ಮುಗಿಯುತ್ತಿತ್ತು. ಹೊಸ ಪಾಸ್‌ಪೋರ್ಟ್ ಇಲ್ಲದೆ ಕಾರ್ಡ್ ಇಲ್ಲ, ಕಾರ್ಡ್ ಇಲ್ಲದೆ ವಾರ್ಡಿನೊಳಗೆ ಕಾಲಿಡುವಂತಿಲ್ಲ ಎಂದು ಆಸ್ಪತ್ರೆಯ ಆಫೀಸಿನವರು ಖಡಾಖಂಡಿತವಾಗಿ ಹೇಳಿದ್ದರು. ಇನ್ನು ಹತ್ತೊಂಬತ್ತು ದಿನ ಉಳಿದಿತ್ತು.

ಅಂಗಡಿ ಅರ್ಧ ಬಾಗಿಲು ಎಳೆದು ಠಾಣೆಗೆ ಓಡಿದೆ. ಕಾನ್‌ಸ್ಟೇಬಲ್ ನಲವತ್ತರ ಆಸುಪಾಸಿನವರು. ನಾನು ನಿಂತೇ ತೊದಲುವುದನ್ನು ನೋಡಿ, "ಕೂತ್ಕೊಳಿ ಸಾರ್, ನೀರು ಕುಡೀರಿ" ಎಂದರು. ಎಲ್ಲವನ್ನೂ ಹೇಳಿದೆ.

"ನೀವು ಸುಳ್ಳು ಹೇಳ್ತಿಲ್ಲ ಅಂತ ನಂಗೆ ಅನಿಸ್ತದೆ ಸಾರ್. ಆದ್ರೆ ಅನಿಸಿದ್ದನ್ನ ಬರೆಯೋಕಾಗಲ್ಲ. ಆ ಮನೇಲಿ ಇದ್ರು ಅಂತ ಇಬ್ರು ಬಂದು ಸೈನ್ ಹಾಕ್ಬೇಕು. ಅದ್ರಲ್ಲಿ ಓನರ್ ಒಬ್ರು ಇರ್ಲೇಬೇಕು, ಯಾಕಂದ್ರೆ ಗೊತ್ತಿಲ್ಲ ಅಂದಿರೋದು ಅವ್ರೇ. ಈಗಿರೋ ಮನೆ ಅಗ್ರಿಮೆಂಟು, ಮ್ಯಾರೇಜ್ ಸರ್ಟಿಫಿಕೇಟೂ ತನ್ನಿ."

"ಅವ್ರು ಬರ್ದಿದ್ರೆ?"

"ಸೋಮವಾರ ನಾನು ರಿಪೋರ್ಟ್ ಹಾಕ್ಲೇಬೇಕು. ಆ ವಿಳಾಸದಲ್ಲಿ ವಾಸವಿಲ್ಲ ಅಂತ ಬರೀತೀನಿ. ಆಮೇಲೆ ಪಾಸ್‌ಪೋರ್ಟ್ ಆಫೀಸಿಂದ ನೋಟಿಸು, ಉತ್ತರ, ಮತ್ತೆ ವೆರಿಫಿಕೇಷನ್ನು. ತಿಂಗಳುಗಟ್ಲೆ ಹಿಡಿಯುತ್ತೆ."

ಅಂಗಡಿಗೆ ವಾಪಸು ಬಂದು ಮಾಡಿದ ಕೆಲಸವೆಲ್ಲ ಕೆಟ್ಟಿತು. ಒಬ್ಬ ಮೇಷ್ಟರ ಕನ್ನಡಕಕ್ಕೆ ಎಡಗಣ್ಣಿನ ಲೆನ್ಸನ್ನು ಬಲಕ್ಕೆ ಕೂರಿಸಿ ಕೊಟ್ಟುಬಿಟ್ಟೆ. ಅವರು ಹಾಕಿಕೊಂಡು ಮೆಟ್ಟಿಲಿಳಿಯಲು ಹೋಗಿ ಗೋಡೆ ಹಿಡಿದುಕೊಂಡು ನಿಂತಾಗಲೇ ನನಗೆ ಗೊತ್ತಾದದ್ದು.

ಸಂಜೆ ಹೆಂಡತಿಯ ಫೋನು. "ಏನ್ರೀ, ಪೊಲೀಸ್ನವ್ರು ಬಂದ್ರಾ?"

"ಇನ್ನೂ ಇಲ್ಲ. ಬರ್ತಾರೆ ಬಿಡು."

"ಆಫೀಸಲ್ಲಿ ಇವತ್ತೂ ಕೇಳಿದ್ರು. ಅಡ್ರೆಸ್ ಎಲ್ಲ ಸರಿ ಕೊಟ್ಟೀರಲ್ಲ?"

"ಸರಿ ಇದೆ" ಎಂದೆ. ಪಕ್ಕದಲ್ಲಿ ಕೂತು ಪಿಯುಸಿ ಪುಸ್ತಕ ತೆರೆದುಕೊಂಡಿದ್ದ ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು. ಫೋನಿಟ್ಟ ಮೇಲೆ, "ಅಪ್ಪಾ, ಅಮ್ಮಂಗೆ ಯಾಕೆ ಸುಳ್ಳು ಹೇಳಿದ್ರಿ?" ಎಂದಳು. ಅವಳಿಗೆ ಹೇಳಲೇಬೇಕಾಯಿತು. ಪೂರ್ತಿ ಕೇಳಿಸಿಕೊಂಡು, "ರಾಜಾಜಿನಗರದ ಅಜ್ಜಿ ಹತ್ರ ಹೋಗಿ ಸಾರಿ ಕೇಳಿ. ನಾವು ಮಾಡಿದ್ದು ಸರಿ ಇರ್ಲಿಲ್ಲ" ಎಂದಳು.

ನಾವು ಎಂದದ್ದು ಅವಳ ದೊಡ್ಡ ಮನಸ್ಸು. ಮಾಡಿದ್ದು ನಾನು. ಮಸ್ಕತ್ತಿನ ಕೆಲಸ ಗೊತ್ತಾದಾಗ, ವೀಸಾ ಕೈಗೆ ಬರುವವರೆಗೆ ಯಾರ ಮುಂದೆಯೂ ಬಾಯಿ ಬಿಡಬಾರದು, ಕಣ್ಣು ಬೀಳುತ್ತದೆ ಎಂದು ಹಟ ಹಿಡಿದವನು ನಾನು. ವೀಸಾ ಬಂದ ಮೇಲೆ ಹೊರಡಲು ಒಂಬತ್ತೇ ದಿನ. ಕೆಳಗೆ ಹೋಗಿ ಹೇಳಿ ಬರುತ್ತೇನೆ ಎಂದು ಹೆಂಡತಿ ದಿನಾ ಹೊರಡುತ್ತಿದ್ದಳು. ಆ ಅಮ್ಮ ಕಾಲು ಚಾಚಿಕೊಂಡು, "ನೀನಿರೋದಕ್ಕೆ ನಂಗೆ ಧೈರ್ಯ ಕಣೇ" ಎಂದರೆ ಹೇಳದೆಯೇ ವಾಪಸು ಬರುತ್ತಿದ್ದಳು. ಕೊನೆಗೆ ದಾವಣಗೆರೆಯ ತವರಿಗೆ ಹೋಗಿಬರುತ್ತೇನೆ ಎಂದು ಅವರಿಗೆ ಹೇಳಿ ವಿಮಾನ ಹತ್ತಿದಳು. ಎರಡು ವಾರಕ್ಕೆ ನಾನೂ ಮನೆ ಖಾಲಿ ಮಾಡಿದೆ. ಸಾಮಾನು ಗಾಡಿಗೆ ತುಂಬಿಸುತ್ತಾ ನಿಂತಿದ್ದಾಗ ಅವರು ಗೇಟಿನ ಹತ್ತಿರ ಬಂದು ಕೇಳಿದರು. ಆಗ ಹೇಳಿದೆ. ಅವರು ಗೇಟಿನಿಂದಲೇ ತಿರುಗಿ ಒಳಗೆ ಹೋದರು. ಆಮೇಲೆ ಹೆಂಡತಿ ಅಲ್ಲಿಂದ ಮೂರು ನಾಲ್ಕು ಸಲ ಫೋನು ಮಾಡಿದಳು. ಅವರು ಎತ್ತಲಿಲ್ಲ.

ಶನಿವಾರ ರಾಜಾಜಿನಗರಕ್ಕೆ ಹೋದೆ. ಎದುರು ಸಾಲಿನ ಹಿಟ್ಟಿನ ಗಿರಣಿಯವರು ಕಂಡ ಕೂಡಲೇ ಮೈಮೇಲಿನ ಹಿಟ್ಟು ಕೊಡವಿಕೊಂಡು ಬಂದರು. "ನಮ್ ಸಿಸ್ಟರ್‌ಗೆ ಸೈನ್ ಹಾಕ್ದೆ ಇರ್ತೀನಾ? ಎಷ್ಟೊತ್ಗೆ ಬರ್ಬೇಕು ಹೇಳಿ" ಎಂದರು. ಒಬ್ಬರಾಯಿತು. ಮನೆಯಲ್ಲಿ ಮಾತ್ರ ಅಮ್ಮ ಇರಲಿಲ್ಲ. ಅವರ ಸೊಸೆ ಬಾಗಿಲಲ್ಲೇ ನಿಂತು ನನ್ನ ಕಷ್ಟವನ್ನೆಲ್ಲ ಕೇಳಿ, "ಅತ್ತೆ ಚೆಕಪ್‌ಗೆ ಹೋಗಿದಾರೆ. ನಾಳೆ ಬನ್ನಿ. ಬರ್ತೀರ ಅಂತ ನಾನು ಹೇಳಿರಲ್ಲ, ಹೇಳಿದ್ರೆ ಅವ್ರು ಮನೇಲಿರಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಹೋದಾಗ ಅವರು ವರಾಂಡದ ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಎಪ್ಪತ್ತು ದಾಟಿದರೂ ದನಿ ಮಾತ್ರ ಗಂಟೆ ಹೊಡೆದ ಹಾಗೆ. ನನ್ನನ್ನು ನೋಡಿ ಪೇಪರ್ ಮಡಚಲಿಲ್ಲ.

"ಏನಪ್ಪಾ, ದಾರಿ ತಪ್ಪಿತಾ?"

"ತಪ್ಪಾಯ್ತು ಅಮ್ಮಾ."

"ಪೊಲೀಸು ಬಂದಿದ್ರು. ಅದಕ್ಕೆ ಬಂದಿದೀಯ."

"ಹೌದಮ್ಮಾ. ಫೋಟೋದಲ್ಲಿ ಅವಳ ಗುರುತು ಸಿಗ್ಲಿಲ್ವಾ ನಿಮಗೆ?"

"ಸಿಕ್ತು" ಎಂದರು. "ಸಿಗ್ದೆ ಏನು? ಸ್ವಲ್ಪ ದಪ್ಪ ಆಗಿದಾಳೆ. ಆದ್ರೂ ಗೊತ್ತಿಲ್ಲ ಅಂದೆ. ನಂಗೆ ಗೊತ್ತಿದ್ದೋಳು ಹೇಳ್ದೆ ಹೋಗೋಳಲ್ಲ."

ತಲೆ ತಗ್ಗಿಸಿದೆ. ಆಗ ಕುರ್ಚಿಯ ಕೆಳಗಿದ್ದ ಅವರ ಬಲಗಾಲು ಕಣ್ಣಿಗೆ ಬಿತ್ತು. ಕಿರುಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಆ ಜಾಗದಲ್ಲಿ ಚರ್ಮ ನುಣ್ಣಗೆ ಮುಚ್ಚಿಕೊಂಡಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡರು.

"ಯಾವಾಗ ಅಮ್ಮಾ?"

"ನೀವು ಹೋದ ಆರು ತಿಂಗಳಿಗೆ. ಡ್ರೆಸ್ಸಿಂಗ್‌ಗೆ ಕ್ಲಿನಿಕ್ಕಿಗೆ ಬನ್ನಿ ಅಂತಿದ್ರು ಡಾಕ್ಟ್ರು, ನಾನೇ ಹೋಗ್ಲಿಲ್ಲ. ಯಾರ್ಯಾರ ಕೈಲೋ ಕಾಲು ಮುಟ್ಟಿಸ್ಕೊಳೋಕೆ ಮನಸ್ಸು ಬರ್ಲಿಲ್ಲ." ಪೇಪರಿನ ಪುಟ ತಿರುಗಿಸುತ್ತಾ, "ಅವಳಿಗೆ ಹೇಳ್ಬೇಡ" ಎಂದರು.

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದುದು ಕಾರ್ಡು, ಸೋಮವಾರ, ಸೈನು ಇಷ್ಟೇ. ಆ ಕಾಲು ನೋಡಿದ ಮೇಲೆ ಸೈನು ಹಾಕಿ ಎಂದು ಕೇಳಲು ಬಾಯಿ ಬರಲಿಲ್ಲ. ಹೋಗಿಬರುತ್ತೇನೆ ಎಂದು ಏಳುತ್ತಿದ್ದೆನೋ ಏನೋ. ಸೊಸೆ ಕಾಫಿ ತಂದಿಟ್ಟು, "ಅತ್ತೆ, ಆ ಸಿಸ್ಟರ್ ಕೆಲಸ ಹೋಗುತ್ತಂತೆ" ಎಂದರು. ಅಮ್ಮ ಪೇಪರ್ ಪಕ್ಕಕ್ಕಿಟ್ಟರು.

"ಅವಳಿಗೆ ಫೋನ್ ಹಾಕು" ಎಂದರು.

"ಅಮ್ಮಾ, ಅವಳಿಗೆ ಇದ್ಯಾವ್ದೂ ಗೊತ್ತಿಲ್ಲ. ಪೊಲೀಸ್ ಬಂದಿದ್ದೂ ನಾನು ಹೇಳಿಲ್ಲ."

"ಇನ್ನೂ ಹೇಳ್ದೆ ಮಾಡೋದು ಬಿಟ್ಟಿಲ್ವಾ ನೀನು? ಹಾಕು ಫೋನು."

ವಿಡಿಯೋ ಕಾಲ್ ಹಾಕಿದೆ. ಹೆಂಡತಿ ಆಗಷ್ಟೇ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡಿದ್ದಳು. ಪರದೆಯ ಮೇಲೆ ಅಮ್ಮನ ಮುಖ ಕಂಡದ್ದೇ ಅವಳ ಕೈ ಬಾಯಿಗೆ ಹೋಯಿತು.

"ಅಮ್ಮಾ..."

"ಅಮ್ಮ ಅಂತೆ ಅಮ್ಮ! ದಾವಣಗೆರೆ ಹೆಂಗಿದೆ? ಮೂರು ವರ್ಷ ಆಯ್ತಲ್ಲ ಹೋಗಿ!"

ಅವಳು ಅಳಲು ಶುರು ಮಾಡಿದಳು. ಅಮ್ಮ ಬಿಡಲಿಲ್ಲ. ಪೊಲೀಸು ಬಂದದ್ದು, ತಾವು ಗೊತ್ತಿಲ್ಲ ಎಂದದ್ದು, ಎಲ್ಲವನ್ನೂ ಜೋರಾಗಿ ಹೇಳಿದರು. ನಾನು ಆಧಾರ್ ಬದಲಾಯಿಸಿಲ್ಲವೆಂಬುದೂ ಅಲ್ಲೇ ಹೊರಬಿತ್ತು. ಪರದೆಯಲ್ಲಿ ನನ್ನ ಹೆಂಡತಿಯ ಕಣ್ಣು ಒಂದು ಕ್ಷಣ ನನ್ನ ಕಡೆ ತಿರುಗಿತು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಹೇಳಬೇಡ ಎಂದಿದ್ದವರೇ ಕೊನೆಗೆ ಸಿಟ್ಟಿನ ಭರದಲ್ಲಿ, "ಎರಡು ಬೆರಳು ಹೋಯ್ತು ಕಣೇ ನಂದು!" ಎಂದುಬಿಟ್ಟರು.

ಅಲ್ಲಿ ಅಳು ನಿಂತಿತು. ಆಮೇಲೆ ಅವಳು ಕೇಳಿದಳು. ದನಿ ನಡುಗುತ್ತಿದ್ದರೂ ಅದು ವಾರ್ಡಿನಲ್ಲಿ ಮಾತಾಡುವ ದನಿ.

"ಯಾವ ಬೆರಳು ಅಮ್ಮಾ?"

"ಬಲಗಾಲು. ಕಿರುಬೆರಳು, ಅದ್ರ ಪಕ್ಕದ್ದು."

"ಗಾಯ ಪೂರ್ತಿ ಮಾಯ್ದಿದೆಯಾ? ನೀರು ಬರ್ತದಾ?"

"ಇಲ್ಲ. ಒಣಗಿದೆ."

"ಕ್ಯಾಮೆರಾ ಕಾಲ್ಗೆ ಹಿಡೀರಿ" ಎಂದು ನನಗೆ ಹೇಳಿದಳು. ನಾನು ನೆಲದ ಮೇಲೆ ಕೂತು ಫೋನು ಹಿಡಿದೆ. ಪಾದ ತಿರುಗಿಸಿ, ಅಂಗಾಲು ತೋರಿಸಿ, ಬೆರಳಿನ ಸಂದಿ ಬಿಡಿಸಿ ಎಂದು ಅವಳು ಹೇಳಿದ ಹಾಗೆಲ್ಲ ಅಮ್ಮ ಮರುಮಾತಿಲ್ಲದೆ ಮಾಡಿದರು. ಶುಗರ್ ಎಷ್ಟಿದೆ, ರಾತ್ರಿ ಯಾವ ಮಾತ್ರೆ, ಬರಿಗಾಲಲ್ಲಿ ಓಡಾಡುತ್ತೀರಾ ಎಂದು ಒಂದೊಂದಾಗಿ ಕೇಳಿದಳು. ಬರಿಗಾಲಲ್ಲಿ ತುಳಸಿಗೆ ನೀರು ಹಾಕುತ್ತೇನೆ ಎಂದಾಗ ಅವರಿಗೇ ಬೈದಳು. ಅಮ್ಮ ಬೈಸಿಕೊಂಡರು. ತನ್ನ ಪಾಸ್‌ಪೋರ್ಟಿನ ಸುದ್ದಿ ಅವಳು ಎತ್ತಲೇ ಇಲ್ಲ.

ಫೋನಿಟ್ಟ ಮೇಲೆ ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾಳೆ ಹತ್ತು ಗಂಟೆಗೆ ಆಟೋ ತಗೊಂಬಾ. ಅವಳಿಗೋಸ್ಕರ ಬರ್ತೀನಿ, ನಿನಗೋಸ್ಕರ ಅಲ್ಲ" ಎಂದರು.

ಸೋಮವಾರ ಅಮ್ಮನನ್ನೂ ಗಿರಣಿಯವರನ್ನೂ ಠಾಣೆಗೆ ಕರೆದುಕೊಂಡು ಹೋದೆ. ಅಮ್ಮನನ್ನು ಕಂಡ ಕಾನ್‌ಸ್ಟೇಬಲ್ ಹುಬ್ಬೇರಿಸಿ, "ಮೊನ್ನೆ ಗೊತ್ತಿಲ್ಲ ಅಂದಿದ್ರಲ್ಲಮ್ಮಾ?" ಎಂದರು.

"ಕೋಪದಲ್ಲಿ ಅಂದೆ. ಸುಳ್ಳು ಹೇಳಿದ್ದಕ್ಕೆ ನನ್ ಮೇಲೆ ಏನು ಬರ್ಕೊತೀಯೋ ಬರ್ಕೊ. ಅವಳು ನಮ್ಮನೇಲಿ ಎಂಟು ವರ್ಷ ಇದ್ಲು. ಎಲ್ಲಿ ಸೈನ್ ಹಾಕ್ಬೇಕು?"

ಅವರು ನಗು ತಡೆದುಕೊಂಡು ಕಾಗದ ಮುಂದಿಟ್ಟರು. ಹಿಂದೆ ವಾಸವಿದ್ದರು, ಈಗ ಕುಟುಂಬ ಬೇರೆ ಕಡೆ ಇದೆ ಎಂದು ಹೇಳಿಕೆ ಬರೆದುಕೊಂಡರು. ಅಮ್ಮನ ಸೈನಿನ ಕೆಳಗೆ ಗಿರಣಿಯವರು ಸೈನ್ ಹಾಕಿದರು. "ಇಷ್ಟು ನನ್ ಕೈಲಾಗೋದು. ಮೇಲಿನೋರು ಏನಂತಾರೋ ನೋಡೋಣ" ಎಂದರು ಕಾನ್‌ಸ್ಟೇಬಲ್.

ಆ ಮಾತು ಹಿಡಿದುಕೊಂಡು ಹನ್ನೊಂದು ದಿನ ನರಳಿದೆ. ಗಂಟೆಗೊಮ್ಮೆ ವೆಬ್‌ಸೈಟ್ ತೆರೆಯುತ್ತಿದ್ದೆ. ಪರಿಶೀಲನೆಯಲ್ಲಿದೆ ಎಂಬ ಅದೇ ಸಾಲು. ಹೆಂಡತಿ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮಗಳಿಗೆ ಫೋನು ಮಾಡಿ ಇಡುತ್ತಿದ್ದಳು. ಐದನೆಯ ದಿನ ನನಗೇ ಮಾಡಿ, "ಬೈಯೋಣ ಅಂತಿದ್ದೆ. ನಾನೂ ಅವ್ರಿಗೆ ಹೇಳ್ದೆ ಬಂದೋಳೇ ಅಲ್ಲೇನ್ರೀ" ಎಂದಳು. ಅವಳನ್ನು ಹಾಗೆ ಕಳಿಸಿದವನು ನಾನಲ್ಲವೇ.

ಹನ್ನೆರಡನೆಯ ದಿನ ಅವಳ ಮೆಸೇಜು ಬಂತು: ಪಾಸ್‌ಪೋರ್ಟ್ ಸಿಕ್ಕಿತು. ನಾಲ್ಕು ದಿನ ಬಾಕಿ ಇತ್ತು. ಎರಡು ದಿನದಲ್ಲಿ ಕಾರ್ಡೂ ಆಯಿತು. ನಾನು ಅಂಗಡಿಯ ಬೀಗ ಹಾಕಿ, ಸೀದಾ ಆಧಾರ್ ಕೇಂದ್ರದ ಸಾಲಿನಲ್ಲಿ ಹೋಗಿ ನಿಂತೆ.

ಮೇ ತಿಂಗಳಲ್ಲಿ ಅವಳು ರಜೆಗೆ ಬಂದಳು. ಮರುದಿನವೇ ಇಬ್ಬರೂ ರಾಜಾಜಿನಗರಕ್ಕೆ ಹೋದೆವು. ಅಮ್ಮ ಅಪ್ಪಿಕೊಳ್ಳುತ್ತಾರೆ, ಇವಳು ಅಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಅವಳು ನೆಲದ ಮೇಲೆ ಕೂತು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಆಮೇಲೆ ಅವಳು ಒಂದು ಕಾಗದ ಕೇಳಿ ಪಾದದ ಅಳತೆ ಬರೆದುಕೊಂಡಳು. ಸಕ್ಕರೆ ಕಾಯಿಲೆಯವರಿಗೆಂದೇ ಮೆತ್ತನೆಯ ಚಪ್ಪಲಿ ಮಾಡಿಕೊಡುವ ಅಂಗಡಿ ಬಸವೇಶ್ವರನಗರದಲ್ಲಿದೆ ಎಂದು ಯಾರೋ ಹೇಳಿದ್ದರು. ಮಧ್ಯಾಹ್ನ ಅಲ್ಲಿಗೆ ಹೋಗುವಾಗ ಆಟೋದಲ್ಲಿ ಅವರಿಬ್ಬರೂ ಹಿಂದೆ ಕೂತರು, ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ.