ನೀರು ಹೊತ್ತು ಹಾರುವವರು

ಬಚ್ಚಲುಮನೆಗೆ ಹೋದವರು ಸಾಮಾನ್ಯವಾಗಿ ಹಾಡು ಹೇಳಿಕೊಳ್ಳುತ್ತಾರೆ, ಇಲ್ಲವೇ ಹೊರಗಿನವರು ಬಾಗಿಲು ಬಡಿಯುವ ತನಕ ಸುಮ್ಮನೆ ಕೂತಿರುತ್ತಾರೆ. ನಾನು ಎರಡನ್ನೂ ಮಾಡುವುದಿಲ್ಲ. ಅಲ್ಲಿರುವ ಸಾಮಾನುಗಳನ್ನು ಘನ ಯಾವುದು, ದ್ರವ ಯಾವುದು ಎಂದು ವಿಂಗಡಿಸುತ್ತೇನೆ. ಸೋಪು ಘನ, ಶಾಂಪೂ ದ್ರವ. ಟೂತ್‌ಪೇಸ್ಟಿನ ಹತ್ತಿರ ಬಂದು ತಡವರಿಸುತ್ತೇನೆ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಘನಕ್ಕೆ ಆಕಾರವಿದೆ, ದ್ರವಕ್ಕೆ ಪಾತ್ರೆಯ ಆಕಾರವೇ ಗತಿ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿಕೊಂಡವನು. ಆದರೂ ಟೂತ್‌ಪೇಸ್ಟು ಯಾವ ಜಾತಿ ಎಂಬುದನ್ನು ನನಗೆ ಕಲಿಸಿದ್ದು ವಿಮಾನ ನಿಲ್ದಾಣದ ಒಬ್ಬ ಖಾಕಿ ಬಟ್ಟೆಯ ಹುಡುಗ. ಅದು ದ್ರವ ಎಂದು ತೀರ್ಪು ಕೊಟ್ಟು ಅವನು ನನ್ನ ಹೊಸ ಟ್ಯೂಬನ್ನು ಡಬ್ಬಕ್ಕೆ ಹಾಕಿದ.

ಆ ಹೊತ್ತಿಗೆ ನಾನು ವಿಮಾನ ಹತ್ತಿದ್ದು ಒಂದೇ ಸಲ, ಅದೂ ಸರ್ಕಾರದ ಖರ್ಚಿನಲ್ಲಿ, ವಿಜ್ಞಾನ ಮೇಷ್ಟ್ರುಗಳ ಯಾವುದೋ ಶಿಬಿರಕ್ಕೆ. ಅದರ ಬಗ್ಗೆ ಮಾತಾಡಿದ್ದು ಮಾತ್ರ ಏಳೆಂಟು ವರ್ಷ. ಆ ಪ್ರಯಾಣದಲ್ಲಿ ನಾನು ದೆಹಲಿಗೆ ಹೋಗಿ, ನನ್ನ ಸೂಟ್‌ಕೇಸು ಇನ್ನೆಲ್ಲಿಗೋ ಹೋಗಿ, ಮೂರು ದಿನ ಒಂದೇ ಬನಿಯನ್ನಿನಲ್ಲಿ ಶಿಬಿರ ಮುಗಿಸಿದ್ದೆ. ಆ ಮೇಲೆ ನನಗೊಂದು ಸಿದ್ಧಾಂತ ಹುಟ್ಟಿತು: ವಿಮಾನ ಹತ್ತುವವನು ಕೈಚೀಲ ಒಂದನ್ನೇ ಒಯ್ಯಬೇಕು, ಅದನ್ನು ತನ್ನ ತಲೆಯ ಮೇಲಿನ ಗೂಡಿನಲ್ಲೇ ಇಟ್ಟುಕೊಳ್ಳಬೇಕು, ಏಳು ಕಿಲೋಗೆ ಒಂದು ಗುಲಗಂಜಿಯೂ ಮೀರಬಾರದು. ಸ್ಟಾಫ್ ರೂಮಿನಲ್ಲಿ ಈ ಸಿದ್ಧಾಂತ ಕೇಳದವರಿರಲಿಲ್ಲ. ಕೇಳಿದವರಲ್ಲಿ ಒಬ್ಬರೂ ವಿಮಾನ ಹತ್ತುವವರಾಗಿರಲಿಲ್ಲ, ಹಾಗಾಗಿ ಅದಕ್ಕೆ ವಿರೋಧವೂ ಬರಲಿಲ್ಲ.

ಪರೀಕ್ಷೆಯ ದಿನ ಬಂದದ್ದು ನನ್ನ ತಂಗಿ ಭಾಗ್ಯನಿಂದ. ಅವಳ ಗಂಡನಿಗೆ ದೆಹಲಿಯಲ್ಲಿ ಕೆಲಸ. ಏಳನೇ ತಿಂಗಳಿಗೆ ಊರಿಗೆ ಬಾ ಅಂದರೆ, ಎಂಟಕ್ಕೆ ಬರುತ್ತೇನೆ ಎಂದಳು. ಮಗು ಎಂಟರಲ್ಲೇ ಹುಟ್ಟಿಬಿಟ್ಟಿತು. ಎರಡು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರಂತೆ. ಕೂಸು ಕೈಗೆ ಸಿಕ್ಕದಷ್ಟು ಚಿಕ್ಕದು, ಮುಟ್ಟಲು ಭಯವಾಗುತ್ತದೆ ಎಂದು ಅವಳು ಫೋನಿನಲ್ಲಿ ಅತ್ತಳು. ನಮ್ಮ ಅವ್ವ ಹೋಗಿ ಆಗಲೇ ಆರು ವರ್ಷ. ಬಾಣಂತನಕ್ಕೆ ಅವ್ವನಿಲ್ಲದ ಹೆಣ್ಣುಮಕ್ಕಳ ಅಳು ಬೇರೆಯೇ ಥರ ಇರುತ್ತದೆ. ನಾನು ಫೋನಿಟ್ಟವನೇ ಹಳೇಕೋಟೆಗೆ ಹೋಗಿ ದೊಡ್ಡವ್ವನ ಮುಂದೆ ನಿಂತೆ.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ. ಹಳೇಕೋಟೆ ಸುತ್ತಮುತ್ತ ಮಗು ಹುಟ್ಟಿದರೆ ಡಾಕ್ಟರಿಗೆ ಹೇಳಿ ಕಳಿಸಿದ ಮೇಲೆ ದೊಡ್ಡವ್ವನಿಗೂ ಹೇಳಿ ಕಳಿಸುತ್ತಿದ್ದರು. ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರು ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನನಗೂ ನೀರು ಹಾಕಿದವಳು ಅವಳೇ. ನನ್ನ ಮೂಗು ಇಷ್ಟಾದರೂ ಎದ್ದು ನಿಂತಿರುವುದಕ್ಕೆ ತಾನು ದಿನಾ ತೀಡಿದ್ದೇ ಕಾರಣ ಎಂದು ಅವಳು ಈಗಲೂ ಹೇಳುತ್ತಾಳೆ. "ರೈಲಾದ್ರೆ ಎಲ್ಡು ರಾತ್ರಿ ಅಂತೀಯ. ಅಷ್ಟೊತ್ಗೆ ಕೂಸು ಇನ್ನೂ ಒಣಗೋಯ್ತದೆ. ಇಮಾನದಾಗೇ ಓಗುಮ ನಡಿ," ಎಂದಳು. ಹೊಳೆನರಸೀಪುರ ದಾಟಿ ಹಾಸನದಾಚೆ ಹೋಗದವಳ ಬಾಯಲ್ಲಿ ಆ ಮಾತು ಬಂದ ಸಲೀಸು ನೋಡಿ ನಾನು ಬೆರಗಾದೆ. ಅದು ಅವಳ ವಿಷಯದಲ್ಲಿ ನನ್ನ ಮೊದಲ ಬೆರಗು. ಆ ವಾರ ಇನ್ನೂ ಬಹಳ ಬಾಕಿ ಇದ್ದವು.

ಹೊರಡುವ ಹಿಂದಿನ ದಿನ ದೊಡ್ಡವ್ವ ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದು ಚೀಲ ಬಿಚ್ಚಿದಳು. ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟು, ಅರಿಶಿನ, ಬಜೆ, ಸಾಂಬ್ರಾಣಿ, ಓಮ, ಒಣಶುಂಠಿ ಮೆಣಸು ಕುಟ್ಟಿದ ಬಾಣಂತಿ ಖಾರ, ತನ್ನ ಹಲ್ಲಿಗೆ ಇದ್ದಿಲು ಉಪ್ಪಿನ ಪುಡಿ, ಕೂಸನ್ನು ಸುತ್ತಲು ಹಳೇ ಸೀರೆಯ ಮೆತ್ತನೆ ತುಂಡುಗಳು. ಒಂದು ಹಸಿರು ಸೀಸೆಯಲ್ಲಿ ಅವಳೇ ಇಳಿಸಿದ ಹರಳೆಣ್ಣೆ. ಕೊನೆಗೆ ಒಂದು ಬಟ್ಟೆಯ ಗಂಟು, ಅದರ ತುಂಬ ಎರಡು ಸೇರು ಹರಳು ಬೀಜ. ಸೀಸೆ ಮುಗಿದರೆ ಅಲ್ಲೇ ಹುರಿದು ಕುಟ್ಟಿ ಎಣ್ಣೆ ಇಳಿಸಬಹುದು ಎಂದು ಅವಳ ಲೆಕ್ಕ.

ನಾನು ಹಳೇ ಪೇಪರು ಕೊಳ್ಳುವ ಅಂಗಡಿಯಿಂದ ಕೊಕ್ಕೆ ತಕ್ಕಡಿ ತಂದು ತೂಗಿದೆ. ನನ್ನ ಚೀಲ ಸರಿಯಾಗಿ ಏಳು. ದೊಡ್ಡವ್ವನದು ಎಂಟೂವರೆ. ಹರಳು ಬಿಟ್ಟು ಬಾ ಎಂದೆ. "ಎಣ್ಣೆ ಇಲ್ದೆ ಕೂಸಿಗೆ ಎಂಗ್ಲಾ ನೀರಾಕಾದು?" ಎಂದಳು. ಸೀಸೆಯಲ್ಲಿ ಇದೆಯಲ್ಲ ಎಂದೆ. "ಸೀಸೆ ನಂಬ್ಕಂಡು ಊರು ಬುಡಾಕಾಯ್ತದಾ," ಎಂದು ಗಂಟನ್ನು ಮತ್ತೆ ಚೀಲದೊಳಗೆ ತುರುಕಿದಳು. ಆಮೇಲೆ ಅವಳು ನನ್ನ ಹೆಂಡತಿಯ ಜೊತೆ ಹಿತ್ತಿಲಿಗೆ ಹೋದಾಗ ನಾನು ಒಂದು ಕೆಲಸ ಮಾಡಿದೆ. ಹೇಳಲು ಈಗಲೂ ನಾಚಿಕೆ. ಆ ಗಂಟನ್ನು ತೆಗೆದು ಅಡುಗೆಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ತಕ್ಕಡಿ ಏಳು ತೋರಿಸಿತು. ಸಿದ್ಧಾಂತ ಗೆದ್ದಿತು.

ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆವು. ಆಗ ವಿಮಾನ ನಿಲ್ದಾಣ ಇನ್ನೂ ಊರೊಳಗೇ ಇತ್ತು. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ನನ್ನ ಚೀಲದಿಂದ ಸಣ್ಣಗೆ ಏನೋ ಸದ್ದು ಬರುತ್ತಿತ್ತು, ಮಾತ್ರೆ ಡಬ್ಬಿ ಇರಬೇಕು ಎಂದುಕೊಂಡೆ. ನಿಲ್ದಾಣದಲ್ಲಿ ಎರಡೂ ಚೀಲ ಏಳೇಳು ತೂಗಿದವು. ನಾನು ಎದೆಯುಬ್ಬಿಸಿಕೊಂಡು ತಪಾಸಣೆಯ ಸಾಲಿನಲ್ಲಿ ನಿಂತೆ.

ಆ ವಾರವೇ ಹೊಸ ನಿಯಮ ಬಂದಿತ್ತಂತೆ: ವಿಮಾನದೊಳಕ್ಕೆ ದ್ರವ ಪದಾರ್ಥ ಒಯ್ಯುವಂತಿಲ್ಲ. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದಿತ್ತಂತೆ. ನಾನು ಆ ವಾರ ಒಂಬತ್ತನೇ ತರಗತಿಯ ಪರೀಕ್ಷೆ ಪೇಪರು ಬಿಟ್ಟು ಬೇರೆ ಪೇಪರು ನೋಡಿರಲಿಲ್ಲ. ಖಾಕಿ ಹುಡುಗ ನನ್ನ ಚೀಲದ ಹೊರಜೇಬಿನಿಂದ ಒಂದೊಂದೇ ಎತ್ತಿ ಮೇಜಿನ ಮೇಲಿಟ್ಟ. ಶಾಂಪೂ, ಶೇವಿಂಗ್ ಕ್ರೀಮು, ಅದಾದ ಮೇಲೆ ಹಚ್ಚುವ ಘಮಘಮ ನೀರು, ತಲೆಗೆಣ್ಣೆ, ಕೊನೆಗೆ ನಾನು ಹೇಳಿದ ಟೂತ್‌ಪೇಸ್ಟು. ಒಂದೂ ಉಳಿಯಲಿಲ್ಲ. ಅಷ್ಟನ್ನೂ ಡಬ್ಬಕ್ಕೆ ಹಾಕಿದ ಮೇಲೆ ನನ್ನ ಶೃಂಗಾರ ಸಾಮಗ್ರಿಯಲ್ಲಿ ಬಾಚಣಿಗೆ ಒಂದು ಮಿಕ್ಕಿತು.

ಆಮೇಲೆ ದೊಡ್ಡವ್ವನ ಚೀಲ. ಅವನು ಪುಡಿಗಳ ಪೊಟ್ಟಣಗಳನ್ನು ನೋಡಿ ದಂಗಾದ. ಒಂದೊಂದನ್ನೂ ಬಿಚ್ಚಿದ, ಮೂಸಿದ, ಅಧಿಕಾರಿಯನ್ನು ಕರೆದು ತೋರಿಸಿದ. ಬಾಣಂತಿ ಖಾರವನ್ನು ಮೂಗಿಗೆ ಹಿಡಿದವನು ಬಿಡದೆ ಸೀನಿದ. ಪುಸ್ತಕ ತೆಗೆದು ನೋಡಿದರೂ ಪುಡಿಗೆ ನಿಯಮವಿರಲಿಲ್ಲ. ಎಲ್ಲವೂ ಪಾಸಾದವು. ತಲೆಗೆ ತಿಕ್ಕುವುದು, ಮೈಗೆ ಹಚ್ಚುವುದು, ಹಲ್ಲಿಗೆ ಉಜ್ಜುವುದು, ಒಂದು ಹನಿ ನೀರಿನ ಹಂಗೂ ಇಲ್ಲದೆ ಆ ಚೀಲದಲ್ಲಿದ್ದವು.

ನಿಂತಲ್ಲೇ ನನಗೆ ನಮ್ಮ ಹಿಂದಿನವರ ಮೇಲೆ ದೊಡ್ಡ ಗೌರವ ಹುಟ್ಟಿತು. ನಡೆದು ಕಾಶಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಹುರಿಹಿಟ್ಟು, ಅವಲಕ್ಕಿ, ಹುಳಿಪುಡಿ, ಚಟ್ನಿಪುಡಿ ಕಟ್ಟಿಕೊಂಡು ಹೊರಡುತ್ತಿದ್ದರು. ಭಾರವಾದದ್ದನ್ನೆಲ್ಲ ಬಿಸಿಲಿಗೆ ಹಾಕಿ ಹಗುರ ಮಾಡಿ, ಕುಟ್ಟಿ ಬೀಸಿ, ಸಾರವನ್ನಷ್ಟೇ ಹೊತ್ತುಕೊಂಡು ನಡೆಯುತ್ತಿದ್ದರು. ಕೈಚೀಲದ ಸಿದ್ಧಾಂತ ಅವರದು. ನಾನು ಅದನ್ನು ನನ್ನದೆಂದುಕೊಂಡು ಏಳೆಂಟು ವರ್ಷ ಭಾಷಣ ಮಾಡಿದ್ದೆ. ಈ ಮಾತನ್ನು ದೊಡ್ಡವ್ವನಿಗೆ ಹೇಳಿದರೆ ಅವಳು, "ನೀರು ಹೊತ್ಕಂಡು ಓಗೋರು ಉಂಟೇನ್ಲಾ? ಓದ ಊರ್ನಾಗೆ ನೀರಿರಾಕಿಲ್ವಾ?" ಎಂದಳು. ಡಬ್ಬದಲ್ಲಿ ಬಿದ್ದಿದ್ದಂಥದೇ ಇನ್ನೊಂದು ಶಾಂಪೂ ಸೀಸೆಯ ಬೆನ್ನಿನ ಮೇಲೆ, ಅದರೊಳಗಿನ ಸಾಮಾನುಗಳ ಪಟ್ಟಿಯಲ್ಲಿ ಮೊದಲು ಬರೆದಿರುವುದು ನೀರು ಎಂದೇ, ಆಮೇಲೆ ಯಾವಾಗಲೋ ಓದಿದೆ.

ಆದರೆ ಹಸಿರು ಸೀಸೆ ಸಿಕ್ಕಿಬಿತ್ತು. ನಾನು ನನ್ನ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ 'ಬಚ್ಚಾ', 'ಛೋಟಾ', 'ತೇಲ್' ಎಂದು ಕೈಯಲ್ಲೇ ಕೂಸು ಆಡಿಸಿ ತೋರಿಸಿದೆ. ಹುಡುಗ ಒಳ್ಳೆಯವನೇ. ಹೊರಗೆ ಹೋಗಿ ದೊಡ್ಡ ಸಾಮಾನಿನ ಜೊತೆ ಕೆಳಗಿನ ಗೂಡಿಗೆ ಹಾಕಿಸಿ ಎಂದ. ನಮಗೆ ದೊಡ್ಡ ಸಾಮಾನೇ ಇರಲಿಲ್ಲ, ಸಿದ್ಧಾಂತ ಇತ್ತು. ಅಷ್ಟರಲ್ಲಿ ನಮ್ಮ ವಿಮಾನದ ಹೆಸರೂ ಕೂಗಿದರು.

ದೊಡ್ಡವ್ವ ಜಗಳವಾಡಲಿಲ್ಲ. ಸೀಸೆಯ ಬಿರಡೆ ತೆಗೆದು ಅಂಗೈಗೆ ಸುರಿದುಕೊಂಡು ತನ್ನ ನೆತ್ತಿಗೆ ತಟ್ಟಿಕೊಂಡಳು. "ಚೆಲ್ಲಾದು ಅಂದ್ರೆ ಪಾಪ ಕಣ. ಬಗ್ಗುಸ್ಲಾ ತಲೆಯ," ಎಂದಳು. ಸೂಟು ಬೂಟಿನವರ ಸಾಲಿನ ನಡುವೆ ನಾನು ತಲೆ ಬಗ್ಗಿಸಿದೆ. ಅವಳು ಒಂದು ಅಂಗೈ ತುಂಬ ಹರಳೆಣ್ಣೆ ನನ್ನ ನೆತ್ತಿಗೆ ತಟ್ಟಿದಳು. ಮಿಕ್ಕಿದ್ದನ್ನು ಸೀಸೆ ಸಮೇತ ಹುಡುಗನ ಕೈಗೆ ಕೊಟ್ಟು, "ಓಗ್ಲಿ ಬುಡು. ಹರಳೈತಲ್ಲ, ಅಲ್ಲೇ ಇಳುಸ್ತೀನಿ," ಎಂದು ಮುಂದೆ ನಡೆದಳು.

ನನ್ನ ಕಾಲು ಅಲ್ಲೇ ನಿಂತಿತು. ಹರಳು ಚನ್ನರಾಯಪಟ್ಟಣದಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಕೂತಿತ್ತು. ಅವ್ವನಿಲ್ಲದ ತಂಗಿ, ಕೈಗೆ ಸಿಕ್ಕದ ಕೂಸು, ಎಣ್ಣೆಯಿಲ್ಲದ ದೊಡ್ಡವ್ವ, ಇಷ್ಟನ್ನೂ ಒಂದೂವರೆ ಕಿಲೋ ಉಳಿಸಲು ಹೋಗಿ ನಾನೊಬ್ಬನೇ ಸಾಧಿಸಿದ್ದೆ.

ವಿಮಾನ ಮೇಲಕ್ಕೆ ಹೋಯಿತು. ಕಿಟಕಿಯ ಪಕ್ಕ ದೊಡ್ಡವ್ವ, ಪಕ್ಕದಲ್ಲಿ ಕಿವಿಯ ಹಿಂದೆ ಎಣ್ಣೆ ಇಳಿಯುತ್ತಿದ್ದ ನಾನು. ಮೋಡ ದಾಟಿದ ಮೇಲೆ ಕೆಳಗೆ ಬೆಳ್ಳಗೆ ಹತ್ತಿ ಹಿಂಜಿ ಹರವಿದಂತೆ ಕಂಡಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿದಳು. ಕೊನೆಗೆ ಕೇಳಿದಳು, "ಇದೇನ್ಲಾ ಇದು?"

"ನೀರೇ ದೊಡ್ಡವ್ವ. ಸಣ್ಣ ಸಣ್ಣ ಹನಿ."

"ಈಟು ನೀರ ಹೊತ್ಕಂಡು ಇವು ಮ್ಯಾಲೆ ಓಯ್ತಾವಲ್ಲ, ಇವ್ನ ಯಾರೂ ತಡೆಯಾಕಿಲ್ವಾ?"

ಮೋಡದ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ. ಆದರೆ ಮೋಡವನ್ನು ನೋಡಿದ್ದು ಅವತ್ತೇ. ಮೊದಲ ಸಲ ಹಾರಿದಾಗ ಸೀಟಿನ ಕೈ ಬಿಗಿಹಿಡಿದು ಗಡಿಯಾರ ನೋಡುತ್ತಿದ್ದೆ. ಅಷ್ಟು ದೊಡ್ಡ ಬೆಳಕಿನ ಎದುರಿಗೆ ನನ್ನ ಕಳ್ಳತನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರಲು ನನಗೆ ಆಗಲಿಲ್ಲ. "ದೊಡ್ಡವ್ವ, ನಿನ್ ಹರಳಿನ ಗಂಟು ನಾನೇ ತೆಗೆದುಬಿಟ್ಟೆ. ಮನೇಲೈತೆ," ಎಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗೊತ್ತು ಕಣ್ಲಾ. ಬೆಳಿಗ್ಗೆ ಅಕ್ಕಿ ತೆಗಿಯಾಕೋದಾಗ ಸಿಕ್ತು. ನೀನು ನೀರುಯ್ಕಳಾಕೆ ಓಗಿದ್ದಲ್ಲ, ಅವಾಗ ನಿನ್ ಚೀಲಕ್ಕೆ ಮಡಗ್ದೆ. ನಿನ್ನವು ಎಲ್ಡು ಅಂಗಿ, ಒಂದು ಪುಸ್ತ್ಕ ಈಚೆಗೆ ತೆಗ್ದಿವ್ನಿ. ತೂಕ ಸರಿಯೋಯ್ತು."

ಕೊಕ್ಕೆ ತಕ್ಕಡಿಯಿಲ್ಲದೆ, ಬರೀ ಕೈಯಲ್ಲಿ ಎತ್ತಿ ನೋಡಿ ಅವಳು ಏಳು ಕಿಲೋ ಮಾಡಿದ್ದಳು. ಹೊರಜೇಬಿನಲ್ಲೇ ಬೇಕಾದಷ್ಟು ಸಿಕ್ಕಿದ್ದರಿಂದ ಖಾಕಿ ಹುಡುಗ ಚೀಲದ ಹೊಟ್ಟೆಗೆ ಕೈ ಹಾಕಿರಲಿಲ್ಲ. ಬಸ್ಸಿನಲ್ಲಿ ಸದ್ದು ಮಾಡಿದ್ದು ಮಾತ್ರೆಯಲ್ಲ. ಎಣ್ಣೆ ಆಗುವ ಮುಂಚಿನ ಎಣ್ಣೆಯನ್ನು ನಾನೇ ಗೊತ್ತಿಲ್ಲದೆ ಕಾವಲು ದಾಟಿಸಿದ್ದೆ. ಬೈಯಬಾರದಿತ್ತೇ ಎಂದು ಕೇಳಿದೆ. "ಇಮಾನ ಹತ್ಸೋನ್ನ ಬೈಯಾಕಾಯ್ತದಾ," ಎಂದು ಮತ್ತೆ ಮೋಡ ನೋಡತೊಡಗಿದಳು.

ದೆಹಲಿಯ ಆ ಪುಟ್ಟ ಅಡುಗೆಮನೆಯಲ್ಲಿ ದೊಡ್ಡವ್ವ ಹರಳು ಹುರಿದಳು, ಕುಟ್ಟಿದಳು, ಅಲ್ಲಿನ ನಲ್ಲಿ ನೀರಿಗೆ ಹಾಕಿ ಕುದಿಸಿದಳು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ಮೆಲ್ಲಗೆ ಎತ್ತಿ ಬಟ್ಟಲಿಗೆ ಹಾಕಿದಳು. ಆ ವಾಸನೆ ಮನೆ ತುಂಬಿದಾಗ ಭಾಗ್ಯ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಅವ್ವನ ಮನೆ ವಾಸ್ನೆ," ಎಂದಷ್ಟೇ ಹೇಳಿದಳು. ಡಾಕ್ಟರು ಒಪ್ಪಿಗೆ ಕೊಟ್ಟ ದಿನ ದೊಡ್ಡವ್ವ ಕಾಲು ಚಾಚಿ ಕೂತು ಆ ಬೊಗಸೆಯಷ್ಟು ಕೂಸನ್ನು ಮಲಗಿಸಿಕೊಂಡಳು. ಎಣ್ಣೆ ಹಚ್ಚಿದ ಬೆರಳು ಬೆನ್ನಿನ ಮೇಲೆ ಓಡಿದಾಗ ಅಲ್ಲಿಯ ತನಕ ಕುಂಯ್ ಎನ್ನುತ್ತಿದ್ದ ಕೂಸು ಬಾಯಿಬಿಟ್ಟು ಜೋರಾಗಿ ಅತ್ತಿತು. "ಈಗ ಬದುಕ್ತು," ಎಂದಳು ದೊಡ್ಡವ್ವ. ನೀರು ಹಾಕಿ ಸಾಂಬ್ರಾಣಿ ಹೊಗೆ ತೋರಿಸಿ ಹಳೇ ಸೀರೆಯಲ್ಲಿ ಸುತ್ತಿದ ಮೇಲೆ ಅದು ಮಧ್ಯಾಹ್ನದ ತನಕ ಎಚ್ಚರವಾಗಲಿಲ್ಲ. ಭಾಗ್ಯನೂ ಅದರ ಪಕ್ಕದಲ್ಲೇ ನಿದ್ದೆ ಹೋದಳು. ನಾನು ಭಾಗ್ಯನ ಗಂಡನ ಅಂಗಿ ತೊಟ್ಟುಕೊಂಡು, ದೊಡ್ಡವ್ವನ ಇದ್ದಿಲು ಪುಡಿಯಲ್ಲಿ ಹಲ್ಲುಜ್ಜಿಕೊಂಡು ಐದು ದಿನ ಕಳೆದೆ.

ಮೂರು ತಿಂಗಳ ಬಾಣಂತನಕ್ಕೆ ಅವಳನ್ನು ಅಲ್ಲೇ ಬಿಟ್ಟು ನಾನೊಬ್ಬನೇ ವಾಪಸು ಬಂದೆ. ತಪಾಸಣೆಯವನು ನನ್ನ ಚೀಲದೊಳಗೆ ಇಣುಕಿ, ಇಷ್ಟೇನಾ ಎಂಬಂತೆ ನನ್ನ ಮುಖ ನೋಡಿದ. ಇಷ್ಟೇ ಎಂದೆ.

ಮನೆಗೆ ಬಂದು ಅಂಗಿಗಳೆಲ್ಲಿ ಎಂದು ಹೆಂಡತಿಯನ್ನು ಕೇಳಿದರೆ, ಅಕ್ಕಿ ಡ್ರಮ್ಮಿನ ಹಿಂದೆ ನೋಡಿ, ನೀವೇ ತೆಗೆಯಲಿ ಎಂದು ಬಿಟ್ಟಿದ್ದೇನೆ ಎಂದಳು. ಹರಳಿನ ಗಂಟನ್ನು ನಾನು ಅವಸರದಲ್ಲಿ ತುರುಕಿದ್ದ ಜಾಗದಲ್ಲೇ ಇಸ್ತ್ರಿ ಮುರಿಯದ ಎರಡು ಅಂಗಿ, ಭಾಗ್ಯನ ಗಂಡನ ಮುಂದೆ ಓದುವವನಂತೆ ಕಾಣಲೆಂದು ಇಟ್ಟುಕೊಂಡಿದ್ದ ದಪ್ಪ ಇಂಗ್ಲಿಷ್ ಪುಸ್ತಕ, ಹಳೇ ಸೀರೆಯ ಒಂದು ತುಂಡಿನಲ್ಲಿ ಸುತ್ತಿಸಿಕೊಂಡು ಕೂತಿದ್ದವು. ಹುಳ ಹತ್ತದಿರಲಿ ಎಂದು ದೊಡ್ಡವ್ವ ಮಡಿಕೆಗಳ ನಡುವೆ ಬೇವಿನ ಸೊಪ್ಪು ಇಟ್ಟಿದ್ದಳು. ಅಷ್ಟು ಬೆಳಿಗ್ಗೆ, ಬಸ್ಸಿಗೆ ಹೊತ್ತಾಗುತ್ತಿದ್ದಾಗ, ಅವಳು ಹಿತ್ತಿಲಿಗೆ ಹೋಗಿ ಅದನ್ನು ಕಿತ್ತು ತಂದಿರಬೇಕು. ಅವಳದನ್ನು ನಾನು ಬಚ್ಚಿಟ್ಟಿದ್ದೆ, ನನ್ನದನ್ನು ಅವಳು ಜೋಪಾನ ಮಾಡಿದ್ದಳು. ಆ ದಪ್ಪ ಪುಸ್ತಕ ಇವತ್ತಿಗೂ ಓದಿ ಮುಗಿದಿಲ್ಲ. ಒಣಗಿದ ಬೇವಿನ ಕಡ್ಡಿಯೊಂದು ಮಾತ್ರ ಅದರೊಳಗೆ ಗುರುತಿಗೆ ಇದೆ.